ಹಾಸ್ಯ ಸಂಗೀತ ನಾಟಕ: ಬೆಂಗಳೂರಿನ ರಂಗಚರಿತ್ರೆ

ಮಾತಿಗಿಂತ ಹಾಡೇ ಹೆಚ್ಚಾಗಿರುವ, ಮದುವೆ, ಮೋಸ, ವೇಷ ಬದಲಾವಣೆಗಳ ಕಥೆಯನ್ನು ನಗಿಸುತ್ತಲೇ ನಡೆಸಿ ಮಂಗಳದಲ್ಲಿ ಮುಗಿಸುವ ನಾಟಕಪ್ರಕಾರ. 19ನೇ ಶತಮಾನದ ಯುರೋಪಿನಲ್ಲಿ ಇದು ಆಪರೆಟ್ಟಾ ಎನಿಸಿಕೊಂಡಿತು. ಪ್ಯಾರಿಸ್ಸಿನ ಆಫೆನ್‌ಬಾಕ್, ಲಂಡನ್ನಿನ ಗಿಲ್ಬರ್ಟ್ ಮತ್ತು ಸಲಿವನ್ ಇದರಿಂದಲೇ ಹೆಸರಾದವರು. ಕನ್ನಡದಲ್ಲಿ ಇದಕ್ಕೊಂದು ಬೇರೆ ಹೆಸರು ಹುಟ್ಟಲಿಲ್ಲ, ಹುಟ್ಟುವ ಅಗತ್ಯವೂ ಬೀಳಲಿಲ್ಲ. ಕಂಪನಿ ನಾಟಕ ಎಂದ ಮೇಲೆ ಹಾಡು ಇರಲೇಬೇಕು. ಹಾಸ್ಯಪಾರ್ಟು ಇಲ್ಲದ ನಾಟಕಕ್ಕೆ ಜನ ದುಡ್ಡು ಕೊಟ್ಟು ಬರುತ್ತಿರಲಿಲ್ಲ. ಆದರೂ ಹಾಸ್ಯವೇ ಕಥೆಯನ್ನು ಹೊತ್ತು ನಡೆಯುವ ನಾಟಕಗಳು ಕಡಿಮೆ. ಅಂಥವುಗಳಲ್ಲಿ ಬೆಂಗಳೂರಿಗೆ ಎಲ್ಲಕ್ಕಿಂತ ಹತ್ತಿರದ್ದು ಗುಬ್ಬಿ ಕಂಪನಿಯ ‘ಸದಾರಮೆ’.

ಕಂಪನಿ ನಾಟಕಗಳ ಕಾಲದಲ್ಲಿ ಬೆಂಗಳೂರು ಒಂದೇ ಊರಾಗಿರಲಿಲ್ಲ. ಕಬ್ಬನ್ ಪಾರ್ಕಿನ ಆಚೆ ದಂಡು, ಈಚೆ ಪೇಟೆ. ದಂಡಿನಲ್ಲಿ ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆ ಕೂಡುವ ಮೂಲೆಯ ಆಪೆರಾ ಹೌಸಿನಲ್ಲಿ ಇಂಗ್ಲಿಷರ ಹಾಡು ಕುಣಿತಗಳು ನಡೆಯುತ್ತಿದ್ದವು. ಪೇಟೆಯ ಕಡೆ ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆಗಳ ವರ್ತಕರಿದ್ದರು. 1892ರಲ್ಲಿ ಚಾಮರಾಜಪೇಟೆ ಬಂತು. 1898ರ ಪ್ಲೇಗು ಪೇಟೆಯನ್ನು ಹಿಂಡಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ತುಂಬತೊಡಗಿದವು. ವಕೀಲರು, ಗುಮಾಸ್ತರು, ಮೇಷ್ಟರುಗಳು ಈ ಹೊಸ ಬಡಾವಣೆಗಳಿಗೆ ಬಂದು ನೆಲೆಸಿದರು. ನಾಟಕದ ಕಂಪನಿ ಮೊಕ್ಕಾಂ ಹೂಡಿದರೆ ಮುಂದಿನ ಕುರ್ಚಿಗೆ ಇವರು, ಬೆಂಚಿಗೂ ನೆಲಕ್ಕೂ ಪೇಟೆಯವರು. ಒಂದೇ ನಾಟಕ ಇಬ್ಬರನ್ನೂ ಕೂರಿಸಬೇಕಿತ್ತು. ಶಾಸ್ತ್ರೀಯ ರಾಗದ ಹಾಡು ಕುರ್ಚಿಯವರಿಗೆ, ಪಾರ್ಸಿ ಮಟ್ಟಿನ ಹಾಡು ನೆಲದವರಿಗೆ ಎಂದು ಹಂಚಿ ಹೇಳುವುದು ವಾಡಿಕೆ. ‘ವನ್ಸ್ ಮೋರ್’ ಎಂಬ ಕೂಗು ಮಾತ್ರ ಎರಡೂ ಕಡೆಯಿಂದ ಬರುತ್ತಿತ್ತು.

ಈ ಹಾಡಿನ ನಾಟಕಕ್ಕೆ ಬೇರುಗಳು ಹಲವು. ಲಖನೌದಲ್ಲಿ ಅಮಾನತ್ ಬರೆದ ‘ಇಂದರ್ ಸಭಾ’ದ ಪ್ರಭಾವ ಪಡೆದ ಪಾರ್ಸಿ ಕಂಪನಿಗಳು ಪರದೆ, ದೀಪ, ಯಂತ್ರಗಳ ಬೆರಗನ್ನು ದಕ್ಷಿಣಕ್ಕೆ ತಂದವು. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ‘ಶಾಕುಂತಲ’ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮೈಸೂರು ಅರಮನೆಯ ಆಶ್ರಯದಲ್ಲಿ ಬಸವಪ್ಪಶಾಸ್ತ್ರಿಗಳ ಕನ್ನಡ ‘ಶಾಕುಂತಲ’ ರಂಗಕ್ಕೇರಿತು. ಹಾಸ್ಯದ ಕವಲು ಬೇರೆ ಕಡೆಯಿಂದ ಬಂದದ್ದು: ಉತ್ತರ ಕನ್ನಡದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ 1887ರದು. ಎಂ.ಎಲ್. ಶ್ರೀಕಂಠೇಶಗೌಡರು ಶೇಕ್ಸ್‌ಪಿಯರನ ಹಾಸ್ಯನಾಟಕ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ಅನ್ನು ‘ಪ್ರಮೀಳಾರ್ಜುನೀಯ’ವಾಗಿಸಿದರು. ಮೈಸೂರಿನ ಎ.ವಿ. ವರದಾಚಾರ್ಯರು ತಮ್ಮ ರತ್ನಾವಳಿ ಸಭೆಯ ಮೂಲಕ ಹಾಡುವ ನಾಯಕನನ್ನು ನಾಟಕದ ನಡುಮಧ್ಯೆ ನಿಲ್ಲಿಸಿದರು. ನಗಿಸುವ ನಾಯಕನಿಗೆ ಆ ಜಾಗ ಸಿಗಲು ಗುಬ್ಬಿಯವರು ಬರಬೇಕಾಯಿತು.

ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ 1884ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಹುಟ್ಟಿತು. ಎಳೆಯ ವಯಸ್ಸಿನಲ್ಲೇ ಕಂಪನಿ ಸೇರಿದ ವೀರಣ್ಣ 1917ರಲ್ಲಿ ಅದರ ಮಾಲೀಕರಾದರು. ಮಾಲೀಕನೇ ಹಾಸ್ಯನಟ ಎಂಬುದು ಸಣ್ಣ ಸಂಗತಿಯಲ್ಲ. ಕಂಪನಿಗಳಲ್ಲಿ ರಾಜಪಾರ್ಟಿನವನಿಗೂ ಸ್ತ್ರೀಪಾರ್ಟಿನವನಿಗೂ ಸಿಗುತ್ತಿದ್ದ ಮರ್ಯಾದೆ ಹಾಸ್ಯಗಾರನಿಗೆ ಸಿಗುತ್ತಿರಲಿಲ್ಲ. ಗುಬ್ಬಿ ಕಂಪನಿಯಲ್ಲಿ ಲೆಕ್ಕ ತಿರುಗಿತು. ‘ನಾಟಕರತ್ನ’ ಎಂಬ ಬಿರುದು ಸಂದದ್ದೂ ಈ ಹಾಸ್ಯಗಾರನಿಗೇ.

‘ಸದಾರಮೆ’ಯ ಕಥೆ ಗುಬ್ಬಿಯವರೊಬ್ಬರ ಸೊತ್ತಲ್ಲ. ತಮಿಳು ನಾಟಕಗಳಲ್ಲಿ ಅದು ಓಡಾಡುತ್ತಿತ್ತು. 20ನೇ ಶತಮಾನದ ಮೊದಲ ವರ್ಷಗಳಲ್ಲೇ ಕೆ.ಸಿ. ಕೇಶವ ಪಿಳ್ಳೆಯವರು ಮಲಯಾಳದಲ್ಲಿ ಅದನ್ನು ಸಂಗೀತ ನಾಟಕವಾಗಿ ಬರೆದಿದ್ದರು. ರಾಜಕುಮಾರ ಜಯವೀರ, ಸೆಟ್ಟಿಯೊಬ್ಬನ ಮಗಳು ಸದಾರಮೆಗೆ ಮನಸೋಲುತ್ತಾನೆ, ಹೆಣ್ಣಿಗಾಗಿ ರಾಜ್ಯ ಬಿಟ್ಟುಕೊಡುತ್ತಾನೆ. ದಂಪತಿಗಳು ಅಗಲುತ್ತಾರೆ. ಕಳ್ಳನೊಬ್ಬ ಅವಳನ್ನು ಹೊತ್ತೊಯ್ಯುತ್ತಾನೆ. ಅವಳು ಕಳ್ಳನನ್ನೇ ಏಮಾರಿಸಿ, ಗಂಡುವೇಷ ಹಾಕಿ, ಕೊನೆಗೆ ಗಂಡನನ್ನು ಸೇರುತ್ತಾಳೆ. ಸೆಟ್ಟಿಯ ಮಗ ಆದಿಮೂರ್ತಿ ದುಡ್ಡಿನಾಸೆಯ ಮೊದ್ದು. ಕಳ್ಳನೋ, ಜಾಣತನವೆಲ್ಲ ತನಗೇ ಸೇರಿದ್ದೆಂದು ನಂಬಿ ಹೆಣ್ಣಿನ ಕೈಲಿ ಕೆಟ್ಟವನು. ಈ ಎರಡು ಪಾತ್ರಗಳಲ್ಲೂ ವೀರಣ್ಣ ಹೆಸರು ಮಾಡಿದರು. ರಾಜಕುಮಾರನ ವಿರಹದ ಹಾಡುಗಳು ಜನಕ್ಕೆ ಬೇಡವಾಗಿದ್ದವೆಂದಲ್ಲ. ಆದರೆ ನಾಟಕ ನೋಡಿ ಮನೆಗೆ ನಡೆದವರು ಮೆಲುಕು ಹಾಕುತ್ತಿದ್ದದ್ದು ಕಳ್ಳನನ್ನು.

ಹಾಸ್ಯ ರಂಗದ ಮೇಲೆ ಹೇಗೆ ನಡೆಯುತ್ತಿತ್ತು ಎಂದು ತಿಳಿಯಲು ರಂಗದ ಕಟ್ಟನ್ನೇ ನೋಡಬೇಕು. ಕಂಪನಿಯ ವೇದಿಕೆಯಲ್ಲಿ ಸುರುಳಿ ಪರದೆಗಳು ಒಂದರ ಹಿಂದೊಂದು ತೂಗುತ್ತವೆ. ಎಲ್ಲಕ್ಕಿಂತ ಮುಂದಿನದು ರಸ್ತೆ ಪರದೆ, ಅದರ ಹಿಂದೆ ಅರಮನೆ, ಕಾಡು, ದರ್ಬಾರು. ದರ್ಬಾರಿನ ಸಿಂಹಾಸನ ಎತ್ತಿ ಕಾಡಿನ ಮರ ನಿಲ್ಲಿಸಲು ಹಿಂದಿನವರಿಗೆ ಹೊತ್ತು ಬೇಕು. ಅಷ್ಟರಲ್ಲಿ ರಸ್ತೆ ಪರದೆ ಇಳಿಯುತ್ತದೆ. ಅದರ ಮುಂದಿನ ನಾಲ್ಕು ಹೆಜ್ಜೆ ಜಾಗದಲ್ಲಿ ಹಾಸ್ಯಗಾರ ಜನರನ್ನು ಹಿಡಿದಿಡಬೇಕು. ಪರದೆಯ ಹಿಂದೆ ಮೊಳೆ ಹೊಡೆವ ಸದ್ದು ಜೋರಾದರೆ ಇವನ ದನಿಯೂ ಜೋರಾಗಬೇಕು. ಕೆಲಸ ಮುಗಿದ ಸನ್ನೆ ಒಳಗಿನಿಂದ ಬರುವ ತನಕ ಹಾಡು ಬೆಳೆಯುತ್ತದೆ, ಮಾತು ಹೊಸದಾಗಿ ಹುಟ್ಟುತ್ತದೆ, ಊರಿನ ಸುದ್ದಿಯೊಂದು ನುಸುಳುತ್ತದೆ. ಬರೆದ ನಾಟಕದಲ್ಲಿ ಇಲ್ಲದ ಎಷ್ಟೋ ಹಾಸ್ಯ ಹುಟ್ಟಿದ್ದು ಈ ಬಡಗಿ ಕೆಲಸದ ಬಿಡುವಿನಲ್ಲಿ. ‘ಸದಾರಮೆ’ಯ ಹೆಚ್ಚುಗಾರಿಕೆ ಇಲ್ಲಿದೆ: ರಸ್ತೆ ಪರದೆಯ ಮುಂದೆ ಕಾಲ ತಳ್ಳುತ್ತಿದ್ದವನನ್ನು ಅದು ಪರದೆ ಎತ್ತಿ ಒಳಕ್ಕೆ ಕರೆದುಕೊಂಡಿತು. ಕಳ್ಳನಿಲ್ಲದೆ ಆ ಕಥೆ ಮುಂದಕ್ಕೆ ಹೋಗುವುದಿಲ್ಲ.

ವೇದಿಕೆಯ ಮುಂದೆ ಹಾರ್ಮೋನಿಯಂ ಮೇಷ್ಟರು. ಕಾಲಲ್ಲಿ ತಿದಿ ಒತ್ತುವ ಲೆಗ್ ಹಾರ್ಮೋನಿಯಂ ಆದ್ದರಿಂದ ಎರಡೂ ಕೈ ಮನೆಗಳ ಮೇಲೆ ಬಿಡುವಾಗಿರುತ್ತಿದ್ದವು. ಕಣ್ಣು ನಟನ ಮೇಲೆ. ಪಕ್ಕದಲ್ಲಿ ತಬಲ. ಮೈಕು ಇಲ್ಲದ ಕಾಲ. ನಟ ಮೇಲಿನ ಶ್ರುತಿಯಲ್ಲಿ ಹಾಡಿದರಷ್ಟೇ ನೆಲದ ಕೊನೆಯ ಸಾಲಿಗೆ ಕೇಳುವುದು. ಹಾಸ್ಯದ ಹಾಡಿಗೆ ಇನ್ನೊಂದು ಕಷ್ಟವಿತ್ತು. ರಾಗ ಎಳೆದರೆ ಸಾಹಿತ್ಯ ಮುಳುಗುತ್ತದೆ, ಸಾಹಿತ್ಯ ಮುಳುಗಿದರೆ ನಗು ಹೋಗುತ್ತದೆ. ಹಾಗಾಗಿ ಇಂಥ ಹಾಡುಗಳಿಗೆ ಚುರುಕು ನಡೆಯ ಪಾರ್ಸಿ, ಮರಾಠಿ ಮಟ್ಟುಗಳೇ ಹೊಂದುತ್ತಿದ್ದವು. ‘ವನ್ಸ್ ಮೋರ್’ ಬಿದ್ದರೆ ಕಳ್ಳ ಅದೇ ಹಾಡನ್ನು ಹೊಸ ಚೇಷ್ಟೆಯೊಂದಿಗೆ ಮತ್ತೆ ಹಾಡುತ್ತಾನೆ, ಕಥೆ ಕಾಯುತ್ತದೆ. ರಾತ್ರಿ ಊಟವಾದ ಮೇಲೆ ಶುರುವಾದ ನಾಟಕ ಮುಗಿಯುವಾಗ ಹಾಲಿನವರು ಬೀದಿಗಿಳಿಯುವ ಹೊತ್ತಾಗುತ್ತಿದ್ದದ್ದು ಇದರಿಂದಲೂ ಹೌದು.

ಶಿವನಸಮುದ್ರದ ವಿದ್ಯುತ್ತು 1905ರ ಆಗಸ್ಟಿನಲ್ಲಿ ಬೆಂಗಳೂರಿನ ಪೇಟೆಯ ಬೀದಿದೀಪಕ್ಕೆ ಬಂತು. ಗ್ಯಾಸ್‌ಲೈಟಿನ ಬೆಳಕಿಗೆ ಒಗ್ಗಿದ್ದ ಸಫೇದ, ಇಂಗಳೀಕದ ಬಣ್ಣ ವಿದ್ಯುತ್ತಿನಲ್ಲಿ ಬೇರೆಯೇ ಆಗಿ ಕಾಣುತ್ತದೆ. ಮೀಸೆ ಬೋಳಿಸಿದ ನಾಯಕಿಯ ಗಲ್ಲವೂ ಬಯಲಾಗುತ್ತದೆ. ಸ್ತ್ರೀಪಾತ್ರಕ್ಕೆ ಸ್ತ್ರೀಯರನ್ನೇ ತಂದ ಹಿರಿಮೆ ಗುಬ್ಬಿ ಕಂಪನಿಗೆ ಸಲ್ಲುತ್ತದೆ. ಅಲ್ಲಿ ಬೆಳೆದ ಬಿ. ಜಯಮ್ಮ ಮುಂದೆ ಚಿತ್ರರಂಗದಲ್ಲೂ ಹೆಸರಾದರು. 1934ರ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ಆನೆ ಕುದುರೆಗಳನ್ನೇ ತಂದದ್ದೂ ಇದೇ ಕಂಪನಿ. ಅದು ಜನರನ್ನು ಬೆರಗುಗೊಳಿಸಿತು. ನಾಟಕವಾಗಿ ಮಾತ್ರ, ಬರಿಗೈಯ ಕಳ್ಳನೊಬ್ಬ ರಸ್ತೆ ಪರದೆಯ ಮುಂದೆ ಮಾಡುತ್ತಿದ್ದ ಕೆಲಸವೇ ಹೆಚ್ಚು ಕಷ್ಟದ್ದು.

ಹೊಸ ಬಡಾವಣೆಗಳ ಓದಿದ ಮಂದಿಗೆ ಈ ರಾತ್ರಿಯೆಲ್ಲ ನಡೆವ ಹಾಡಿನ ಸಂತೆ ಬರುಬರುತ್ತ ಸಾಕಾಯಿತು. 1909ರಲ್ಲಿ ಹುಟ್ಟಿದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್, ಎಲ್ಲರ ಬಾಯಲ್ಲಿ ಎ.ಡಿ.ಎ., ನಾಟಕವನ್ನು ಕಸುಬಿನವರ ಕೈಯಿಂದ ಹವ್ಯಾಸಿಗಳ ಕೈಗೆ ತಂದಿತು. ಬಳ್ಳಾರಿ ರಾಘವರಂಥ ದೊಡ್ಡ ನಟರ ನಂಟು ಅದಕ್ಕಿತ್ತು. 1919ರಲ್ಲಿ ರವೀಂದ್ರನಾಥ ಠಾಕೂರರು ಬೆಂಗಳೂರಿಗೆ ಬಂದದ್ದು ಈ ಸಂಘದ ಕರೆಯ ಮೇಲೆ. ಈ ಬಳಗದ ನಡುವೆ ಕಾಣಿಸಿಕೊಂಡವರು ಟಿ.ಪಿ. ಕೈಲಾಸಂ. 1908ರಲ್ಲಿ ಭೂವಿಜ್ಞಾನ ಓದಲು ಲಂಡನ್ನಿಗೆ ಹೋದವರು, 1915ರಲ್ಲಿ ಹಿಂದಿರುಗಿದವರು, ಓದಿಗಿಂತ ಹೆಚ್ಚಾಗಿ ಅಲ್ಲಿನ ನಾಟಕಶಾಲೆಗಳನ್ನು ತಲೆಯಲ್ಲಿ ತುಂಬಿಕೊಂಡು ಬಂದರು. 1918ರ ‘ಟೊಳ್ಳುಗಟ್ಟಿ’ಯಿಂದ ಶುರುವಾದ ಅವರ ನಾಟಕಗಳಲ್ಲಿ ರಾಜನಿಲ್ಲ, ದರ್ಬಾರಿಲ್ಲ. ಇರುವುದು ಬೆಂಗಳೂರಿನ ಮನೆಯ ನಡುಮನೆ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಜಗಳವಾಡುವ ಗಂಡ ಹೆಂಡಿರು, ಅಪ್ಪ ಮಕ್ಕಳು.

ಕೈಲಾಸಂ ಹಾಡನ್ನು ನಾಟಕದಿಂದ ಓಡಿಸಿದರು ಎನ್ನುವುದು ಅರ್ಧ ನಿಜ. ಕಂಪನಿಯವರಂತೆ ಅಳುವಾಗ ಒಂದು, ಸಾಯುವಾಗ ಒಂದು ಹಾಡು ಹಾಡುವುದು ಅವರ ಪಾತ್ರಗಳಿಗೆ ಆಗದು. ಆದರೆ ಲಂಡನ್ನಿನ ಮ್ಯೂಸಿಕ್ ಹಾಲಿನ ಗುಂಗು ಅವರನ್ನು ಬಿಟ್ಟಿರಲಿಲ್ಲ. 1912ರಲ್ಲಿ ಹುಟ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಲೋಕವೆಲ್ಲ ಹಾಡಿದ ‘ಟಿಪ್ಪರೆರಿ’ ಅವರ ಕೈಲಿ ‘ತಿಪ್ಪಾರಳ್ಳಿ’ಯಾಗಿ ಮೈಸೂರು ಸೀಮೆಗೆ ಬಂತು. ಕಾನ್‌ಸ್ಟಾಂಟಿನೋಪಲಿನ ಕಾಗುಣಿತ ಬಿಡಿಸುವ ಇಂಗ್ಲಿಷ್ ಹಾಡು ‘ಕೋಳೀಕೆ ರಂಗ’ನಾಯಿತು. ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಹೇಳಿದರೆ ಆಟ ಮುಗಿಯಿತು. ಕನ್ನಡದ ಕೊಂಬು, ದೀರ್ಘ, ಸೊನ್ನೆಗಳನ್ನು ತಾಳಕ್ಕೆ ಕೂರಿಸುವುದೆಂದರೆ ಬೇರೆಯೇ ಪಟ್ಟು. ಕೂಲಿಮಠದಲ್ಲಿ ಕಾಗುಣಿತದ ಬಳ್ಳಿ ಉರು ಹೊಡೆದವರಿಗಷ್ಟೇ ಆ ನಗೆಯ ಪೂರ್ತಿ ರುಚಿ. ಗುಬ್ಬಿಯವರು ಪಾರ್ಸಿ ಮಟ್ಟಿಗೆ ಕನ್ನಡ ಹೊಂದಿಸಿದರು, ಕೈಲಾಸಂ ಇಂಗ್ಲಿಷ್ ಮಟ್ಟಿಗೆ. ಕಸುಬು ಒಂದೇ, ಕಟ್ಟೆ ಬೇರೆ. ಒಂದೇ ವ್ಯತ್ಯಾಸ: ಕೈಲಾಸಂ ಹಾಡುಗಳು ನಾಟಕದ ಹೊರಗೆ, ಗೆಳೆಯರ ಕೂಟಗಳಲ್ಲಿ ಬಾಳಿದವು. ಇಡೀ ಕಥೆಯೊಂದನ್ನು ಅಂಥ ಹಾಡುಗಳಲ್ಲೇ ಹೆಣೆದಿದ್ದರೆ ಬೆಂಗಳೂರಿಗೆ ತನ್ನದೇ ಆಪರೆಟ್ಟಾ ಸಿಗುತ್ತಿತ್ತು. ಅದನ್ನು ಅವರು ಮಾಡಲಿಲ್ಲ. ಅತ್ತ ಮರಾಠಿಯಲ್ಲಿ ಗೋವಿಂದ ಬಲ್ಲಾಳ ದೇವಲರು ಮೋಲಿಯೇರನ ಕಥೆಯಿಂದ ‘ಸಂಶಯಕಲ್ಲೋಳ’ ಕಟ್ಟಿ, ನಡುಮನೆಯ ಹಾಸ್ಯವನ್ನೂ ರಾಗದಾರಿ ಸಂಗೀತವನ್ನೂ ಒಂದೇ ನಾಟಕದಲ್ಲಿ ಇರಿಸಿದ್ದರು. ಬೆಂಗಳೂರಿನಲ್ಲಿ ಈ ಎರಡೂ ಬೇರೆ ಬೇರೆ ಬೀದಿಗಳಲ್ಲಿ ಉಳಿದುವು.

ಆಮೇಲೆ ಬಂದದ್ದು ಟಾಕಿ. ನಗರ ಮಾರುಕಟ್ಟೆಯ ಬಳಿಯ ದೊಡ್ಡಣ್ಣ ಹಾಲ್, ಮುಂದೆ ಪ್ಯಾರಾಮೌಂಟ್ ಆದ ಚಿತ್ರಮಂದಿರ, 1934ರ ಮಾರ್ಚ್ 3ರಂದು ಮೊದಲ ಕನ್ನಡ ಮಾತಿನ ಚಿತ್ರ ‘ಸತಿ ಸುಲೋಚನಾ’ ತೋರಿಸಿತು. ಅದರ ಮಾತು, ಹಾಡು ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು, ನಟಿಸಿದ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ಎಲ್ಲರೂ ಕಂಪನಿ ನಾಟಕದವರೇ. ಮರುವರ್ಷ ‘ಸದಾರಮೆ’ ಚಿತ್ರವಾಯಿತು, ವೀರಣ್ಣನವರೇ ಆದಿಮೂರ್ತಿ. ಅದೇ 1935ರಲ್ಲಿ ತಮಿಳಿನಲ್ಲೂ ಕೆ. ಸುಬ್ರಹ್ಮಣ್ಯಂ ಈ ಕಥೆಯನ್ನು ತೆರೆಗೆ ತಂದರು. ಚಿತ್ರದಲ್ಲಿ ‘ವನ್ಸ್ ಮೋರ್’ ಎಂದರೆ ಕೇಳುವವರಿಲ್ಲ. ರಸ್ತೆ ಪರದೆಯೂ ಬೇಕಿಲ್ಲ.

ರಂಗದಲ್ಲಿ ಉಳಿದ ಹಾಸ್ಯ ನಿಧಾನವಾಗಿ ಹಾಡು ಬಿಟ್ಟು ಮಾತಿಗೆ ಹೊರಳಿತು. 1942ರಲ್ಲಿ ಕೆ. ಹಿರಣ್ಣಯ್ಯನವರು ಕಟ್ಟಿದ ಮಿತ್ರಮಂಡಳಿ, ಅವರ ನಂತರ ಮಗ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಬೆಂಗಳೂರಿಗರನ್ನು ನಗಿಸಿದ್ದು ಮಾತಿನ ಹರಿತದಿಂದ. ಅಂದು ರಸ್ತೆ ಪರದೆಯ ಮುಂದೆ ನುಸುಳುತ್ತಿದ್ದ ಊರಿನ ಸುದ್ದಿ ಇಲ್ಲಿ ಇಡೀ ನಾಟಕವನ್ನೇ ಆಕ್ರಮಿಸಿಕೊಂಡಿತು. ಕಂಪನಿ ಹಾಡುಗಳು ಮರೆಯಾಗದಂತೆ ನೋಡಿಕೊಂಡವರಲ್ಲಿ ಹಾರ್ಮೋನಿಯಂ ಮೇಷ್ಟರು ಆರ್. ಪರಮಶಿವನ್ ಮುಖ್ಯರು. ಗುಬ್ಬಿ ಕಂಪನಿಯಲ್ಲೇ ಬಾಲನಟನಾಗಿ ಪಳಗಿದ ಬಿ.ವಿ. ಕಾರಂತರು ಆ ಸಂಗೀತದ ಹುರುಪನ್ನು ಹವ್ಯಾಸಿ ರಂಗಕ್ಕೆ ಮರಳಿ ತಂದರು.

ವೀರಣ್ಣ 1972ರಲ್ಲಿ ತೀರಿಕೊಂಡರು. ಅವರ ಮೊಮ್ಮಗಳು ಬಿ. ಜಯಶ್ರೀ 1976ರಲ್ಲಿ ‘ಸ್ಪಂದನ’ ತಂಡ ಕಟ್ಟಿ, ಮುಂದೆ ‘ಸದಾರಮೆ’ಯನ್ನು ಮತ್ತೆ ಆಡಿದರು. ಒಂದು ಕಾಲಕ್ಕೆ ಗಂಡಸರು ಸೀರೆಯುಟ್ಟು ಸದಾರಮೆಯಾಗುತ್ತಿದ್ದ ನಾಟಕದಲ್ಲಿ, ಅಜ್ಜನ ಕಳ್ಳನ ವೇಷವನ್ನು ಹಾಕಿದವರು ಜಯಶ್ರೀಯವರೇ.