ಕಸಕ್ಕೆ ಹೋದ ಆರನೇ ತಂತಿ

ಎಲೆಕ್ಟ್ರಿಕ್ ಗಿಟಾರಿನ ತಂತಿ ಬದಲಾಯಿಸಲು ಅಂಗಡಿಗೆ ಹೋಗಬೇಕಾಗಿಲ್ಲ. ಒಂದು ಕಟಿಂಗ್ ಪ್ಲೇಯರ್, ಒಂದು ಹಳೆಯ ಬನಿಯನ್ನಿನ ತುಂಡು, ಮುಕ್ಕಾಲು ಗಂಟೆ ಬಿಡುವು ಇದ್ದರೆ ಸಾಕು. ಮುಂಬೈ, ಚೆನ್ನೈಗಳಂಥ ಕಡಲೂರುಗಳಲ್ಲಿ ಈ ಕೆಲಸ ಬೇಗಬೇಗ ಬರುತ್ತದೆ. ಉಪ್ಪುಗಾಳಿಗೆ ಬೆರಳಿನ ಬೆವರೂ ಸೇರಿ ಮಳೆಗಾಲ ಮುಗಿಯುವಷ್ಟರಲ್ಲಿ ತಂತಿ ಕಪ್ಪಗಾಗಿ ಒರಟಾಗಿರುತ್ತದೆ. ಹೊಸ ಪ್ಯಾಕೆಟ್ಟಿನ ಮೇಲೆ 10–46 ಎಂದೋ 9–42 ಎಂದೋ ಬರೆದಿರುತ್ತದೆ. ಇದು ಇಂಚಿನ ಸಾವಿರದ ಲೆಕ್ಕ: ಮೊದಲನೇ ತಂತಿಯ ದಪ್ಪ 0.010 ಇಂಚು, ಅಂದರೆ ಕಾಲು ಮಿಲಿಮೀಟರ್. ಎಲ್ಲರೂ ಕಣ್ಣುಮುಚ್ಚಿ ಕೊಳ್ಳುವ ಈ ಅಂಕಿಯನ್ನು ಯಾವ ಎಂಜಿನಿಯರೂ ಕೂತು ಲೆಕ್ಕಹಾಕಿ ನಿಗದಿ ಮಾಡಿದ್ದಲ್ಲ. ನುಡಿಸುವವರು ಪ್ಯಾಕೆಟ್ಟಿನಿಂದ ಒಂದು ತಂತಿ ತೆಗೆದು ಕಸಕ್ಕೆ ಎಸೆದದ್ದರಿಂದ ಅದು ಬಂತು.

ಮೊದಲು ಉಕ್ಕಿನ ಮಾತು. ಹಳೆಯ ಗಿಟಾರುಗಳಿಗೆ ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿ ಇರುತ್ತಿತ್ತು. 1930ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸಿನ ಜಾರ್ಜ್ ಬೋಶಾಂ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಒಂದು ಹವಾಯಿಯನ್ ಗಿಟಾರಿಗೆ ಆಯಸ್ಕಾಂತದ ಪಿಕಪ್ ಕೂಡಿಸಿದರು. ನೋಡಲು ಬಾಣಲೆಯಂತಿದ್ದುದರಿಂದ ಅದಕ್ಕೆ ‘ಫ್ರೈಯಿಂಗ್ ಪ್ಯಾನ್’ ಎಂದೇ ಹೆಸರಾಯಿತು. 1937ರಲ್ಲಿ ಪೇಟೆಂಟೂ ಸಿಕ್ಕಿತು. ಪಿಕಪ್ ಕೆಲಸ ಮಾಡುವುದು ಆಯಸ್ಕಾಂತದ ಎದುರು ಕಬ್ಬಿಣದ ಜಾತಿಯ ಲೋಹ ಕಂಪಿಸಿದಾಗ ಮಾತ್ರ; ಕರುಳು ಎಷ್ಟು ಕಂಪಿಸಿದರೂ ಅದಕ್ಕೆ ಕೇಳಿಸದು. ಇಂದಿಗೂ ಮನೆಯಲ್ಲಿ ತಂತಿ ಹಾಕುವ ಹೊಸಬರು ಈ ಪಾಠವನ್ನು ತಪ್ಪು ಮಾಡಿಯೇ ಕಲಿಯುವುದುಂಟು. ಅಕೂಸ್ಟಿಕ್ ಗಿಟಾರಿನ ಕಂಚಿನ ತಂತಿ ತಂದು ಎಲೆಕ್ಟ್ರಿಕ್‌ಗೆ ಹಾಕುತ್ತಾರೆ. ಒಳಗಿನ ಉಕ್ಕಿನ ಎಳೆ ಮಾತ್ರ ಪಿಕಪ್ಪಿಗೆ ತಟ್ಟುತ್ತದೆ, ಮೇಲಿನ ಕಂಚು ಮೂಕ. ಆಂಪ್ಲಿಫೈಯರ್ ಕೆಟ್ಟಿರಬೇಕೆಂದು ಅದನ್ನು ಬಿಚ್ಚಲು ಕೂರುತ್ತಾರೆ.

ಉಕ್ಕು ಬಂದರೂ ತಂತಿಯ ದಪ್ಪ ಕಡಿಮೆಯಾಗಲಿಲ್ಲ. ವಾದ್ಯವೃಂದದ ನಡುವೆ ಕೇಳಿಸಬೇಕೆಂದು ಹಾಕುತ್ತಿದ್ದ ದಪ್ಪ ತಂತಿಗಳೇ ಎಲೆಕ್ಟ್ರಿಕ್ ಗಿಟಾರಿಗೂ ಬಂದವು. ಮೂರನೇ ತಂತಿಗಂತೂ ಲೋಹದ ಸುತ್ತು ಇರುತ್ತಿತ್ತು. ಜಾಝ್ ನುಡಿಸುವವರಿಗೆ ಅದರಿಂದ ತೊಂದರೆಯಿರಲಿಲ್ಲ. ಅವರು ಸ್ವರದಿಂದ ಸ್ವರಕ್ಕೆ ಬೆರಳು ಎತ್ತಿಟ್ಟು ಹೋಗುವವರು. 1950ರ ದಶಕದಲ್ಲಿ ಬ್ಲೂಸ್, ರಾಕ್ ಅಂಡ್ ರೋಲ್ ನುಡಿಸುವ ಹುಡುಗರಿಗೆ ಬೇರೆಯದೇ ಬೇಕಿತ್ತು: ಒಂದು ಮೆಟ್ಟಿಲಿನ ಮೇಲೆ ತಂತಿಯನ್ನು ಒತ್ತಿ ಹಿಡಿದು, ಪಕ್ಕಕ್ಕೆ ಎಳೆದು, ಸ್ವರವನ್ನು ಮೇಲಕ್ಕೆ ಏರಿಸುವುದು. ವೀಣೆಯಲ್ಲಿ ಗಮಕಕ್ಕಾಗಿ ತಂತಿ ಎಳೆಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಪ್ಪ ತಂತಿಯನ್ನು ಹಾಗೆ ಎಳೆಯಲು ಹೋದರೆ ಸ್ವರ ಏರುವ ಮೊದಲು ಬೆರಳ ತುದಿ ಕಿತ್ತುಬರುತ್ತದೆ. ಒಂದೇ ಉದ್ದ, ಒಂದೇ ಶ್ರುತಿಯಲ್ಲಿ ತಂತಿಯ ಬಿಗಿತ ದಪ್ಪದ ವರ್ಗಕ್ಕೆ ತಕ್ಕಂತೆ ಏರುವುದರಿಂದ 12ರ ತಂತಿ 10ರದಕ್ಕಿಂತ ಹತ್ತಿರ ಹತ್ತಿರ ಒಂದೂವರೆ ಪಟ್ಟು ಬಿಗಿ.

ಉಪಾಯ ಹೊಳೆದದ್ದು ಬ್ಯಾಂಜೊ ನೋಡಿ. ಬ್ಯಾಂಜೊ ತಂತಿ ತೆಳ್ಳಗೆ, ಅಗ್ಗ, ಎಲ್ಲ ಸಂಗೀತದ ಅಂಗಡಿಯಲ್ಲೂ ಸಿಗುತ್ತಿತ್ತು. ಅದನ್ನು ಗಿಟಾರಿನ ಮೊದಲನೇ ಜಾಗಕ್ಕೆ ಹಾಕಿದರು. ಪ್ಯಾಕೆಟ್ಟಿನ ಮೊದಲನೇ ತಂತಿ ಎರಡನೇ ಜಾಗಕ್ಕೆ ಹೋಯಿತು, ಎರಡನೆಯದು ಮೂರಕ್ಕೆ, ಹೀಗೆ ಎಲ್ಲವೂ ಒಂದೊಂದು ಮನೆ ಸರಿದವು. ಕೊನೆಗೆ ಉಳಿದ ಆರನೇ ತಂತಿ ಕಸದ ಬುಟ್ಟಿಗೆ. ಜಾಝ್‌ಗೆಂದು ಇಂದಿಗೂ ಮಾರುವ ಒಂದು ಕಟ್ಟು ತೆಗೆದುಕೊಳ್ಳಿ: 12, 16, 24, 32, 42, 52. ಮುಂದೆ ಒಂದು 10 ಸೇರಿಸಿ, ಹಿಂದಿನ 52 ತೆಗೆಯಿರಿ. ಉಳಿಯುವುದು 10, 12, 16, 24, 32, 42. ಇಂದಿನ ಹಗುರ ತಂತಿಯ ಕಟ್ಟು ಹೆಚ್ಚುಕಡಿಮೆ ಇದೇ. ಮೂರನೇ ಜಾಗಕ್ಕೆ ಸುತ್ತಿಲ್ಲದ ಬೋಳು ತಂತಿ ಬಂದದ್ದೂ ಈ ಸರಿದಾಟದಲ್ಲೇ. ರಾಕ್ ಸಂಗೀತದ ಅರ್ಧ ಸೊಲ್ಲುಗಳು ಆ ಬೋಳು ಮೂರನೇ ತಂತಿಯ ಮೇಲೇ ನಿಂತಿವೆ ಎಂದರೆ ಅತಿಶಯವಲ್ಲ. ಬ್ಯಾಂಜೊ ತಂತಿಯ ತುದಿಯಲ್ಲಿ ಗಿಟಾರ್ ತಂತಿಗಿರುವಂತೆ ಗುಂಡು ಇರುವುದಿಲ್ಲ, ಬರೀ ಕುಣಿಕೆ. ಹಳೆಯ ತಂತಿಯಿಂದ ಗುಂಡು ಬಿಡಿಸಿ ಆ ಕುಣಿಕೆಯೊಳಗೆ ಕೂರಿಸಿದರೆ ಆಯಿತು. ಲೂಸಿಯಾನಾದ ಜೇಮ್ಸ್ ಬರ್ಟನ್ ತನ್ನ ಟೆಲಿಕಾಸ್ಟರಿಗೆ ಬ್ಯಾಂಜೊ ತಂತಿ ಹಾಕಿ ರಿಕಿ ನೆಲ್ಸನ್ ಜೊತೆ ನುಡಿಸುತ್ತಿದ್ದಾಗ, ಆ ಎಳೆತ ಹೇಗೆ ಬರುತ್ತದೆಂದು ತಿಳಿಯದೆ ಎಷ್ಟೋ ಹುಡುಗರು ಬೆರಳು ನೋಯಿಸಿಕೊಂಡಿರಬೇಕು.

ಇದನ್ನು ವ್ಯಾಪಾರವಾಗಿ ಕಂಡವನು ಅರ್ನಿ ಬಾಲ್. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಟಾರ್ಜಾನಾದಲ್ಲಿ ಬರೀ ಗಿಟಾರ್ ಮಾರುವ ಅಂಗಡಿ ಇಟ್ಟ. ಗಿಟಾರ್ ಕಲಿಯುವ ಹೊಸಬರು 29ರ ದಪ್ಪದ ಮೂರನೇ ತಂತಿ ಒತ್ತಲಾಗದೆ ಒದ್ದಾಡುವುದು ಅವನ ಕಣ್ಣಿಗೆ ಬಿತ್ತು. ಹಗುರ ಕಟ್ಟು ಮಾಡಿಕೊಡಿ ಎಂದು ಫೆಂಡರ್ ಕಂಪನಿಗೆ ಹೇಳಿ ನೋಡಿದ, ಅವರು ಆಸಕ್ತಿ ತೋರಲಿಲ್ಲ. ಬೇರೊಂದು ಕಾರ್ಖಾನೆಯಲ್ಲಿ 24ರ ಮೂರನೇ ತಂತಿ ಇರುವ ಕಟ್ಟು ಮಾಡಿಸಿದ. ಆಮೇಲೆ ವೃತ್ತಿಯವರು ಆರನೇ ತಂತಿ ಎಸೆದು ಬ್ಯಾಂಜೊ ತಂತಿ ಸೇರಿಸುವುದನ್ನು ಗಮನಿಸಿ, ಆ ಕಟ್ಟನ್ನೇ ಸಿದ್ಧಮಾಡಿ 1962ರಲ್ಲಿ ‘ಸ್ಲಿಂಕಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗಿಟ್ಟ. 10, 13, 17, 26, 36, 46. ಕೊನೆಗೆ ಅಂಗಡಿಯನ್ನೇ ಬಿಟ್ಟು ತಂತಿಯ ಹಿಂದೆ ಹೋದ.

ಇಂಗ್ಲೆಂಡಿನಲ್ಲಿ ಹಗುರ ತಂತಿ ಇಷ್ಟು ಸುಲಭಕ್ಕೆ ಸಿಗುತ್ತಿರಲಿಲ್ಲ. ಯಾರ್ಡ್‌ಬರ್ಡ್ಸ್ ತಂಡದ ಎರಿಕ್ ಕ್ಲಾಪ್ಟನ್ ತೆಳು ಮೊದಲನೇ ತಂತಿ ಹಾಕಿಕೊಂಡು ಜೋರಾಗಿ ಎಳೆಯುತ್ತಿದ್ದರಿಂದ ಅದು ಕಚೇರಿಯ ನಡುವೆಯೇ ಪಟ್ಟೆಂದು ಹರಿಯುತ್ತಿತ್ತು. ಬೇರೆ ಗಿಟಾರ್ ತಂದುಕೊಡುವ ಸಹಾಯಕರ ಕಾಲ ಅದಲ್ಲ. ಅವನು ವೇದಿಕೆಯ ಮೇಲೇ ಹೊಸ ತಂತಿ ಸುತ್ತುವ ತನಕ ಜನ ನಿಧಾನವಾಗಿ ಚಪ್ಪಾಳೆ ತಟ್ಟುತ್ತಿದ್ದರು. ‘ಸ್ಲೋಹ್ಯಾಂಡ್’ ಎಂಬ ಅವನ ಅಡ್ಡಹೆಸರಿನ ಹಿಂದೆ ಈ ಚಪ್ಪಾಳೆ ಇದೆ. ನಿಧಾನವಾಗಿ ನುಡಿಸುತ್ತಾನೆಂದು ಬಂದ ಹೆಸರಲ್ಲ.

ಹಗುರ ತಂತಿ ಶೋಕಿಯ ಮಾತಲ್ಲ, ನುಡಿಸುವುದೋ ಬಿಡುವುದೋ ಎಂಬ ಮಾತು ಆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ. 1965ರಲ್ಲಿ ಹದಿನೇಳರ ಟೋನಿ ಐಯೋಮಿ ಲೋಹದ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಸಂಗೀತಕ್ಕಾಗಿ ಕೆಲಸ ಬಿಡುವವನಿದ್ದ, ಅದು ಕಡೆಯ ದಿನ. ಯಂತ್ರ ಅವನ ಬಲಗೈಯ ಮಧ್ಯದ ಬೆರಳು ಮತ್ತು ಉಂಗುರ ಬೆರಳಿನ ತುದಿಗಳನ್ನು ಕತ್ತರಿಸಿತು. ಐಯೋಮಿ ಎಡಚ. ತಂತಿ ಒತ್ತುವ ಕೈಯೇ ಬಲಗೈ. ಮನಸ್ಸು ಮುರಿದು ಕೂತಿದ್ದವನಿಗೆ ಕಾರ್ಖಾನೆಯ ಮೇಲ್ವಿಚಾರಕರು ಜಾಂಗೋ ರೈನ್‌ಹಾರ್ಟ್‌ನ ರೆಕಾರ್ಡೊಂದನ್ನು ಕೇಳಿಸಿ, ಈ ಮನುಷ್ಯ ಬೆಂಕಿ ಅವಘಡದ ನಂತರ ಎರಡೇ ಬೆರಳಲ್ಲಿ ಸೋಲೊ ನುಡಿಸಿದವನು ಎಂದರಂತೆ. ಐಯೋಮಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ಟೋಪಿ ತೊಟ್ಟ ಬೆರಳಿಗೆ ತಂತಿಯ ಸ್ಪರ್ಶ ತಿಳಿಯದು, ದಪ್ಪ ತಂತಿ ಎಳೆದರೆ ಟೋಪಿಯೇ ಕಳಚಿಬೀಳುತ್ತದೆ. ಅವನೂ ಬ್ಯಾಂಜೊ ತಂತಿಯ ದಾರಿಗೇ ಬಂದ. ಅದೂ ಸಾಲದೆ ಶ್ರುತಿಯನ್ನು ಕೆಳಗಿಳಿಸಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್ಮಿನ ಕೆಲವು ಹಾಡುಗಳಲ್ಲಿ ಮೂರು ಸ್ವರಸ್ಥಾನ ಕೆಳಗೆ. ಬ್ಲ್ಯಾಕ್ ಸಬತ್‌ನ ಆ ಮಂದ್ರದ ಭಾರವನ್ನು ಹೆವಿ ಮೆಟಲ್ ನುಡಿಸುವವರೆಲ್ಲ ಆಮೇಲೆ ಅನುಕರಿಸಿದರು.

ವಿರುದ್ಧ ದಿಕ್ಕಿನ ಹಟಮಾರಿಗಳೂ ಇದ್ದರು. ಟೆಕ್ಸಸ್ಸಿನ ಸ್ಟೀವಿ ರೇ ವಾನ್ 13ರ ತಂತಿ ಹಾಕಿ, ಕಿತ್ತ ಬೆರಳ ಚರ್ಮವನ್ನು ಸೂಪರ್ ಗ್ಲೂನಲ್ಲಿ ಅಂಟಿಸಿಕೊಂಡು ನುಡಿಸುತ್ತಿದ್ದ. ಅದೇ ಟೆಕ್ಸಸ್ಸಿನ ಬಿಲಿ ಗಿಬನ್ಸ್ 7ರ ತಂತಿಗೆ ಇಳಿದ. ದಪ್ಪ ತಂತಿಯಲ್ಲೇ ದೊಡ್ಡ ನಾದ ಎಂಬ ನಂಬಿಕೆಗೆ ಗಿಬನ್ಸ್‌ನ ಕೈ ಒಳ್ಳೆಯ ಉತ್ತರ.

ಹಗುರ ತಂತಿ ಬಂದ ಮೇಲೆ ಹಳೆಯ ವಾದ್ಯಗಳೇ ಹೊಂದಿಕೊಳ್ಳಬೇಕಾಯಿತು. ಹಳೆಯ ಟೆಲಿಕಾಸ್ಟರಿನ ಕುದುರೆಯಲ್ಲಿ ಎರಡೆರಡು ತಂತಿಗೆ ಒಂದೊಂದೇ ಆಸನ. ಮೂರನೇ ತಂತಿ ಬೋಳಾದದ್ದೇ ತಡ, ಅದಕ್ಕೂ ಜೊತೆಗಿದ್ದ ನಾಲ್ಕನೆಯದಕ್ಕೂ ಒಟ್ಟಿಗೆ ಶ್ರುತಿ ಸೇರುವ ಜಾಗವೇ ಇಲ್ಲವಾಯಿತು. ಫೆಂಡರಿನ ಸೀಳು ಬಿರಡೆಯೂ ಮನೆಯಲ್ಲಿ ತಂತಿ ಹಾಕುವವರನ್ನು ಪರೀಕ್ಷಿಸುತ್ತದೆ. ಬೇರೆ ಗಿಟಾರಿನಲ್ಲಿ ಸುತ್ತಿದ ಮೇಲೆ ಕತ್ತರಿಸಬಹುದು. ಇಲ್ಲಿ ಎರಡು ಬಿರಡೆ ಆಚೆಗೆ ಅಳೆದು ಮೊದಲೇ ಕತ್ತರಿಸಿ, ತುದಿಯನ್ನು ಬಿರಡೆಯ ನಡುವಿನ ತೂತಿಗೆ ಇಳಿಸಬೇಕು. ಚುಚ್ಚುವ ತುದಿ ಒಳಗೇ ಅಡಗುವುದು ಚೆಂದ, ಆದರೆ ಒಂದಿಂಚು ಹೆಚ್ಚು ಕತ್ತರಿಸಿದರೆ ಹೊಸ ತಂತಿ ಹಾಳು. ಸ್ಟ್ರಾಟೊಕಾಸ್ಟರಿನ ತೇಲುವ ಕುದುರೆಗೆ ಹಿಂದಿನಿಂದ ಸ್ಪ್ರಿಂಗುಗಳು ಎಳೆಯುತ್ತಿರುತ್ತವೆ, ಮುಂದಿನಿಂದ ಆರು ತಂತಿಗಳ ಸುಮಾರು 46 ಕಿಲೋ ಬಿಗಿತ. ಎಲ್ಲ ತಂತಿ ಒಮ್ಮೆಗೇ ಬಿಚ್ಚಿದರೆ ಕುದುರೆ ಹಿಂದಕ್ಕೆ ಕುಸಿಯುತ್ತದೆ. ಒಂದೊಂದಾಗಿ ಬದಲಾಯಿಸಿ ಎಂದು ತಿಳಿದವರು ಹೇಳುವುದು ಅದಕ್ಕೇ. 1970ರ ದಶಕದಲ್ಲಿ ಫ್ಲಾಯ್ಡ್ ರೋಸ್ ಎರಡೂ ತುದಿಗೆ ಬೀಗ ಹಾಕುವ ಕುದುರೆ ಮಾಡಿದ. ಅದಕ್ಕೆ ತಂತಿ ಹಾಕಬೇಕಾದರೆ ತುದಿಯ ಗುಂಡನ್ನೇ ಕತ್ತರಿಸಬೇಕು. ಬ್ಯಾಂಜೊ ತಂತಿಗೆ ಗುಂಡು ಕೂರಿಸುತ್ತಿದ್ದವರು ಅದನ್ನು ನೋಡಿ ಏನೆಂದರೋ.

ಇನ್ನು ಆರನೇ ತಂತಿ. ಅರ್ನಿ ಬಾಲ್ ನಂತರ ಅದನ್ನು ಎಸೆಯುವ ಅಗತ್ಯ ಉಳಿಯಲಿಲ್ಲ. ಆದರೂ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ 1960ರ ದಶಕದ ಕೊನೆಗೆ ಶ್ರುತಿಯನ್ನು ಬೇರೆ ರೀತಿ ಕೂಡಿಸಿ, ಆರನೆಯದು ತನಗೆ ಅಡ್ಡಿ ಎಂದು ಬಿಚ್ಚಿಹಾಕಿದ. ಅವನ ಟೆಲಿಕಾಸ್ಟರಿನಲ್ಲಿ ಆರನೇ ಬಿರಡೆ ಅಂದಿನಿಂದ ಖಾಲಿ.