ಗೋಪುರದ ಮೇಲಿನ ಮನೆಗಳು

ಹಿಂದಿನ ವರ್ಷ ಚಳಿಗಾಲದ ಒಂದು ಭಾನುವಾರ ನಮ್ಮ ಸಂಘದ ನಲವತ್ತು ಮಂದಿ ಸಂಸಾರಸಮೇತ ಕಾಂಚೀಪುರಕ್ಕೆ ಹೋಗಿದ್ದೆವು. ಚೆನ್ನೈ ಕನ್ನಡಿಗರಿಗೆ (ನಮಗಿನ್ನೂ ಮದರಾಸು ಎಂದೇ ಬಾಯಿಗೆ ಬರುತ್ತದೆ) ಕಾಂಚಿಯೆಂದರೆ ಕಾಮಾಕ್ಷಿ ಮತ್ತು ಸೀರೆ. ಕೈಲಾಸನಾಥನ ಗುಡಿಗೆ ಹೋಗುವುದು ಊಟಕ್ಕೆ ಇನ್ನೂ ಹೊತ್ತಿದ್ದರೆ ಮಾತ್ರ. ಅಂದು ಹೊತ್ತಿತ್ತು. ಪಲ್ಲವ ರಾಜಸಿಂಹ ಕಟ್ಟಿಸಿದ್ದು, ಎಂಟನೆಯ ಶತಮಾನದ ಆರಂಭ, ಮರಳುಗಲ್ಲಿನ ಕೆಲಸ, ಅಂಗಳದ ಸುತ್ತ ಐವತ್ತಕ್ಕೂ ಹೆಚ್ಚು ಪುಟ್ಟ ಗುಡಿಗಳು ಎಂದು ಗೈಡ್ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ನಾವೂ ನಮ್ಮ ಪಾಲಿನ ಹೆಮ್ಮೆಯನ್ನು ಸೇರಿಸಿದೆವು. ಬಾದಾಮಿಯ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನು ಕಾಂಚಿಯನ್ನು ಗೆದ್ದು ಒಳಹೊಕ್ಕಾಗ ಈ ಗುಡಿಯ ಸಂಪತ್ತನ್ನು ದೋಚದೆ ದೇವರಿಗೇ ಬಿಟ್ಟುಕೊಟ್ಟನೆಂದು ಸಾರುವ ಕನ್ನಡ ಶಾಸನ ಇಲ್ಲಿನ ಕಂಬದ ಮೇಲಿದೆ ಎಂದು ಮಕ್ಕಳಿಗೆ ಹೇಳಿದೆವು. ಅಷ್ಟರಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗಿ ತಲೆಯೆತ್ತಿ ಕೇಳಿದಳು: “ಮಾಮಾ, ಗೋಪುರದ ಮೇಲೆಲ್ಲ ಮನೆ ಮನೆ ಇದೆಯಲ್ಲ, ಅದರೊಳಗೆ ಯಾರಿರ್ತಾರೆ?”

ಗೈಡ್ ನಕ್ಕರು. ನಾವು “ಅದು ಅಲಂಕಾರ ಪುಟ್ಟಿ” ಎಂದುಬಿಟ್ಟೆವು. ಬಸ್ಸು ಶ್ರೀಪೆರುಂಬುದೂರು ದಾಟುವವರೆಗೂ ಆ ಉತ್ತರ ನಮ್ಮನ್ನೇ ಚುಚ್ಚುತ್ತಿತ್ತು. ಬೇಲೂರು, ಹಳೇಬೀಡು, ಪಟ್ಟದಕಲ್ಲು ಎಲ್ಲವನ್ನೂ ನೋಡಿದ್ದೇವೆ. ಯಾರು ಕಟ್ಟಿಸಿದರು, ಯಾವ ಶಕೆಯಲ್ಲಿ, ಯಾವ ಗೆಲುವಿನ ನೆನಪಿಗೆ ಎಂಬುದೆಲ್ಲ ಬಾಯಿಪಾಠ. ಆದರೆ ಕಟ್ಟಡವನ್ನು ನೋಡುವುದು ಹೇಗೆಂದು ನಮಗೆ ಯಾವ ಮೇಷ್ಟರೂ ಕಲಿಸಲಿಲ್ಲ. ಕಾವ್ಯಪಾಠದಲ್ಲಿ ಕವಿಗೆ ಆಶ್ರಯ ಕೊಟ್ಟ ದೊರೆಯ ಹೆಸರು ಹೇಳಿ ಪುಸ್ತಕ ಮುಚ್ಚಿದರೆ ಹೇಗೋ, ಗುಡಿಯ ಪಾಠ ನಮ್ಮಲ್ಲಿ ಹಾಗೆಯೇ ನಡೆದುಬಂದಿದೆ. ಸಂಗೀತಕ್ಕೆ ಸ್ವರ, ಪದ್ಯಕ್ಕೆ ಮಾತ್ರೆಗಣ. ಕಲ್ಲಿಗೆ ಮಾತ್ರ ವಂಶಾವಳಿ.

ಈ ರೂಢಿಯನ್ನು ಬಿಟ್ಟು ಬೇರೆ ದಾರಿ ಹಿಡಿದ ಒಬ್ಬ ಮಹನೀಯರು ಇನ್ನೂರು ವರ್ಷಗಳ ಹಿಂದೆ ಈ ಮದರಾಸಿನಲ್ಲೇ ಓಡಾಡಿಕೊಂಡಿದ್ದರು. ಅವರ ಹೆಸರು ರಾಮರಾಜ. ಇಂಗ್ಲಿಷ್ ಪುಸ್ತಕದ ಮೇಲೆ ರಾಮ್ ರಾಜ್ ಎಂದಿದೆ. ತಂಜಾವೂರಿನ ಕಡೆಯ ಬಡ ಕುಟುಂಬದಲ್ಲಿ ಹುಟ್ಟಿ, ತಾವಾಗಿಯೇ ಇಂಗ್ಲಿಷ್ ಕಲಿತು, ಕಂಪನಿ ಸೈನ್ಯದ ಕಚೇರಿಗಳಲ್ಲಿ ಗುಮಾಸ್ತೆ ಮಾಡಿದವರು. ಟಿಪ್ಪು ಸುಲ್ತಾನನ ಆಡಳಿತದ ನಿಯಮಗಳನ್ನು ಮರಾಠಿಯಿಂದ ಇಂಗ್ಲಿಷಿಗೆ ತಂದದ್ದು ಅವರನ್ನು ಮೇಲಧಿಕಾರಿಗಳ ಕಣ್ಣಿಗೆ ಬೀಳಿಸಿತು. ಕೋಟೆ ಸೇಂಟ್ ಜಾರ್ಜ್ ಕಾಲೇಜಿನಲ್ಲಿ ಅವರು ಇಂಗ್ಲಿಷಿನ ಮುಖ್ಯ ಉಪಾಧ್ಯಾಯರಾದರು. ಕಂಪನಿಯ ತರುಣ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸಲು 1812ರಲ್ಲಿ ಶುರುವಾದ ಕಾಲೇಜು ಅದು. ನುಂಗಂಬಾಕ್ಕಂನ ಕಾಲೇಜ್ ರಸ್ತೆಗೆ ಆ ಹೆಸರು ಬಂದದ್ದು ಅದರಿಂದಲೇ. ಮೆಕೆರೆಲ್ಲನ ಕನ್ನಡ ವ್ಯಾಕರಣ 1820ರಲ್ಲಿ ಅಚ್ಚಾದದ್ದೂ ಈ ಊರಿನಲ್ಲೇ ಎಂಬುದನ್ನು ನಮ್ಮ ವಾಚಕರು ನೆನಪಿಟ್ಟುಕೊಳ್ಳಬಹುದು. ಮುಂದೆ ರಾಮರಾಜರು ಬೆಂಗಳೂರಿಗೆ ಹೋಗಿ ಅಲ್ಲಿ ದೇಶೀಯ ನ್ಯಾಯಾಧೀಶರೂ ಮ್ಯಾಜಿಸ್ಟ್ರೇಟರೂ ಆದರು.

ಮದರಾಸಿನ ಸಿವಿಲ್ ಸೇವೆಯಲ್ಲಿದ್ದು ಲಂಡನ್ನಿಗೆ ಹಿಂತಿರುಗಿದ್ದ ರಿಚರ್ಡ್ ಕ್ಲಾರ್ಕ್ ಎಂಬ ಅಧಿಕಾರಿ, ಹಿಂದೂಗಳ ವಾಸ್ತುಶಿಲ್ಪದ ಮೇಲೆ ಏನಾದರೂ ಬರೆಯಿರಿ ಎಂದು ಅವರನ್ನು ಕೇಳಿದ. ಸುಲಭವಾದ ದಾರಿಯೊಂದಿತ್ತು. ನಾಲ್ಕು ದೊಡ್ಡ ಗುಡಿಗಳನ್ನು ವರ್ಣಿಸಿ, ಪುರಾಣಗಳಿಂದ ಎರಡು ಶ್ಲೋಕ ಸೇರಿಸಿ ಕಳುಹಿಸಬಹುದಿತ್ತು. ರಾಮರಾಜರು ಹಾಗೆ ಮಾಡದೆ ಶಿಲ್ಪಶಾಸ್ತ್ರದ ತಾಳೆಗರಿಗಳನ್ನು ಹುಡುಕಲು ಹೊರಟರು. ಸಿಕ್ಕಿದವೂ ಅಪೂರ್ಣ. ಮಾನಸಾರದ ಪ್ರತಿಯೇ ಅರ್ಧಂಬರ್ಧ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಸಂಸ್ಕೃತ ಬಲ್ಲ ಪಂಡಿತರಿಗೆ ಕಟ್ಟಡದ ಮಾತು ತಿಳಿಯದು; ಕಟ್ಟಡ ಬಲ್ಲ ಶಿಲ್ಪಿಗಳಿಗೆ ಸಂಸ್ಕೃತ ತಿಳಿಯದು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ‘ಕುಮುದ’ ಎಂದರೇನೆಂದು ಪಂಡಿತರನ್ನು ಕೇಳಿದರೆ ನೈದಿಲೆ ಹೂವು ಎನ್ನುತ್ತಾರೆ. ಗುಡಿಯ ಅಧಿಷ್ಠಾನದಲ್ಲಿ, ಎಂದರೆ ತಳಗಟ್ಟಿನಲ್ಲಿ, ಉರುಟಾಗಿ ಉಬ್ಬಿ ಸುತ್ತುವರಿದ ಕಲ್ಲಿನ ಪಟ್ಟಿಯೇ ಕುಮುದ. ‘ಕಪೋತ’ ಕೋಶದಲ್ಲಿ ಪಾರಿವಾಳ. ಗೋಡೆಯ ಮೇಲೆ ಅದು ಬಾಗಿ ಇಳಿದ ಸೂರು. ‘ಕಂಠ’ವೆಂದರೆ ಎರಡು ಉಬ್ಬುಗಳ ನಡುವೆ ಒಳಸರಿದು ನೆರಳು ಹಿಡಿಯುವ ಜಾಗ. ಹೂವು, ಹಕ್ಕಿ, ಕೊರಳು ಎಂದು ಅರ್ಥ ಬರೆದುಕೊಂಡು ಹೋದರೆ ಶ್ಲೋಕ ಶುದ್ಧವಾಗಿರುತ್ತದೆ, ಗುಡಿ ಮಾತ್ರ ಏಳುವುದಿಲ್ಲ.

ಆಗ ರಾಮರಾಜರು ತಂಜಾವೂರಿನ ಒಬ್ಬ ಶಿಲ್ಪಿಯನ್ನು ಜೊತೆಗೆ ಕೂಡಿಸಿಕೊಂಡರು. ಗ್ರಂಥದ ಮಾತನ್ನು ಆತನ ಮುಂದಿಟ್ಟು, ಆತ ತೋರಿಸಿದ ಭಾಗವನ್ನು ಕಟ್ಟಡದಲ್ಲಿ ನೋಡಿ, ಅಳೆದು, ಬರೆಸಿ ಮತ್ತೆ ಗ್ರಂಥಕ್ಕೆ ಮರಳುವುದು ಅವರ ಕ್ರಮವಾಯಿತು. ಕಂಬದ ಎತ್ತರವನ್ನು ಅದರ ಅಡ್ಡಳತೆಯ ಇಷ್ಟು ಪಟ್ಟು ಎಂದು ಲೆಕ್ಕಹಾಕಿ, ಗ್ರೀಕರ ಮತ್ತು ರೋಮನರ ಕಂಬಗಳ ಕ್ರಮದೊಡನೆ ಹೋಲಿಸಿದರು. ಕಂಬಕ್ಕೆ ಕಂಬವನ್ನು ಎದುರು ನಿಲ್ಲಿಸಿ, ಇಲ್ಲಿಯೂ ಕ್ರಮವಿದೆ, ನೋಡಿ ಎಂದು ಒಬ್ಬ ನ್ಯಾಯಾಧೀಶರು ಸಾಕ್ಷ್ಯ ಮಂಡಿಸಿದಂತಿದೆ ಆ ಭಾಗ. ಅವರ ಪ್ರಬಂಧವನ್ನು ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿ 48 ಚಿತ್ರಫಲಕಗಳೊಡನೆ 1834ರಲ್ಲಿ ಪ್ರಕಟಿಸಿತು. ಅದನ್ನು ನೋಡಲು ರಾಮರಾಜರು ಬದುಕಿರಲಿಲ್ಲ. ಆ ಶಿಲ್ಪಿಯನ್ನಾದರೋ ಅವರು ತಂಜಾವೂರಿನ ಒಬ್ಬ ಒಳ್ಳೆಯ ಶಿಲ್ಪಿ ಎಂದಷ್ಟೇ ಕರೆದಿದ್ದಾರೆ.

ಆ ಪುಸ್ತಕ ಓದಿದರೆ ಬೇಲೂರು ಅರ್ಥವಾಗುತ್ತದೆಂದು ನಾವು ಹೇಳುವುದಿಲ್ಲ. ಅದರ ಚಿತ್ರಗಳು ತಮಿಳುನಾಡಿನ ಕಡೆಯವು. ಶಾಸ್ತ್ರ ಹೇಳಿದ್ದಕ್ಕೂ ಕಲ್ಲಿನಲ್ಲಿ ಕಾಣುವುದಕ್ಕೂ ಎಷ್ಟೋ ಕಡೆ ತಾಳೆಯಾಗುವುದಿಲ್ಲ. ಆದರೂ ಕೆಲಸಗಾರನ ಬಾಯಿಂದ ಕಟ್ಟಡವನ್ನು ಕಲಿಯಬಹುದೆಂದು ತೋರಿಸಿದ್ದು ಸಣ್ಣ ಮಾತಲ್ಲ.

ಮುಂದೆ ಗೆದ್ದದ್ದು ಬೇರೆ ದಾರಿ. ಕಲ್ಕತ್ತೆಗೆ ವ್ಯಾಪಾರಕ್ಕೆ ಬಂದು ನೀಲಿ ಬೆಳೆಯಲ್ಲಿ ಹಣ ಮಾಡಿಕೊಂಡ ಜೇಮ್ಸ್ ಫರ್ಗ್ಯುಸನ್ ದೇಶವೆಲ್ಲ ಸುತ್ತಿ, ತನ್ನ ಕಣ್ಣನ್ನೇ ನಂಬಿ, ಗುಡಿಗಳನ್ನು ಬರೆದುಕೊಂಡ. ಧಾರವಾಡ ಮತ್ತು ಮೈಸೂರು ಸೀಮೆಯ ಕಟ್ಟಡಗಳ ಫೋಟೋಗಳ ದೊಡ್ಡ ಗ್ರಂಥ 1866ರಲ್ಲಿ ಬಂದಾಗ ಅದಕ್ಕೆ ಟಿಪ್ಪಣಿ ಬರೆದವರಲ್ಲಿ ಆತನೂ ಒಬ್ಬ. ಹಳೇಬೀಡನ್ನು ಆತ ಮನಸಾರೆ ಹೊಗಳಿದ. ಆ ಋಣ ನಮ್ಮ ಮೇಲಿದೆ. ಆದರೆ 1876ರ ಆತನ ಇತಿಹಾಸದಲ್ಲಿ ಕಟ್ಟಡವೆಂಬುದು ಜನಾಂಗ ಮತ್ತು ಮತಗಳನ್ನು ಗುರುತಿಸುವ ಚೀಟಿಯಾಯಿತು. ಇಂಡೋ ಆರ್ಯ, ದ್ರಾವಿಡ, ಚಾಲುಕ್ಯ ಎಂದು ವಿಂಗಡಿಸಿದ ಆ ಚೀಟಿಗಳನ್ನೇ ನಮ್ಮ ಶಾಲೆಯ ಪುಸ್ತಕಗಳು ನೂರು ವರ್ಷ ಅಂಟಿಸಿಕೊಂಡು ಬಂದವು.

ಕಟ್ಟಿದವರು ತಮ್ಮ ಕೆಲಸವನ್ನು ಏನೆಂದು ಕರೆದುಕೊಂಡರು? ಇದಕ್ಕೆ ಉತ್ತರ ನಮ್ಮ ಕನ್ನಡನಾಡಿನಲ್ಲೇ ಇದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಅದೇ ಎರಡನೆಯ ವಿಕ್ರಮಾದಿತ್ಯನ ಕಾಂಚಿ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಅಲ್ಲಿನ ಶಾಸನಗಳು ಗುಂಡನೆಂಬ ಸೂತ್ರಧಾರಿಗೆ ತ್ರಿಭುವನಾಚಾರಿ ಎಂಬ ಬಿರುದು ಸಂದದ್ದನ್ನೂ, ಸರ್ವಸಿದ್ಧಿ ಆಚಾರಿ ಎಂಬುವನು ಮನೆ, ವಾಹನ, ಆಸನ, ಮಂಚಗಳನ್ನೂ ಬಲ್ಲವನಾಗಿದ್ದುದನ್ನೂ ಹೇಳುತ್ತವೆ. ಮಂಚ ಮಾಡುವ ಕೈಗೂ ವಿಮಾನ ಎತ್ತುವ ಕೈಗೂ ನಡುವೆ ಅವರು ಗೆರೆ ಎಳೆಯಲಿಲ್ಲ. ಹಡಗಲಿ ತಾಲ್ಲೂಕಿನ ಹೊಳಲಿನ ಅಮೃತೇಶ್ವರ ಗುಡಿಯ ಶಾಸನವಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಸೋಗೆಯ ಪದೋಜನ ಶಿಷ್ಯ ಬಮ್ಮೋಜನು ಕಲಿಯುಗದ ವಿಶ್ವಕರ್ಮ, ಅರವತ್ತನಾಲ್ಕು ಬಗೆಯ ಪ್ರಾಸಾದಗಳನ್ನು ಬಲ್ಲವನು, ನಾಗರ, ಕಾಲಿಂಗ, ದ್ರಾವಿಡ, ವೇಸರ ಎಂಬ ನಾಲ್ಕು ಜಾತಿಗಳಲ್ಲಿ ನಿಪುಣ ಎಂದು ಅದು ಹೊಗಳುತ್ತದೆ. ಇಲ್ಲಿ ಜಾತಿಯೆಂದರೆ ಜನರದ್ದಲ್ಲ, ಗುಡಿಯ ಆಕಾರದ್ದು. ಗುರುವಿನ ಹೆಸರೂ ಕಲ್ಲಿನ ಮೇಲೆ ನಿಂತದ್ದು ನಮಗೆ ವಿಶೇಷವೆನಿಸಿತು.

ಮಧುಸೂದನ ಢಾಕಿಯವರು 1977ರಲ್ಲಿ ಈ ಬಗೆಯ ಕನ್ನಡನಾಡಿನ ಶಾಸನಗಳನ್ನೂ ಗುಡಿಗೋಡೆಗಳ ಕಿರುಶಿಖರಗಳನ್ನೂ ಜೊತೆಯಿಟ್ಟು ಓದಿ ಒಂದು ಪುಸ್ತಕ ಬರೆದರು. ಲಕ್ಕುಂಡಿಯ ಕಾಶೀವಿಶ್ವೇಶ್ವರನ ಗೋಡೆಯ ಮೇಲೆ, ಬೇಲೂರಿನ ಮೆಟ್ಟಿಲುಗಳ ಇಕ್ಕೆಲದ ಪುಟ್ಟ ಗುಡಿಗಳಲ್ಲಿ, ಬೇರೆ ಬೇರೆ ಜಾತಿಯ ಶಿಖರಗಳನ್ನು ಗೇಣುದ್ದ, ಆಳುದ್ದಕ್ಕೆ ಇಳಿಸಿ ಕಡೆದಿದ್ದಾರೆ. ನಾವು ಅವನ್ನು ಹೂಬಳ್ಳಿಯ ಲೆಕ್ಕಕ್ಕೆ ಸೇರಿಸಿ ಮುಂದೆ ನಡೆದಿದ್ದೆವು. ಕೊನೆಗೆ ನಮ್ಮ ಹುಡುಗಿಯ ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟವರು ಆಡಮ್ ಹಾರ್ಡಿ. ಕರ್ಣಾಟ ದ್ರಾವಿಡ ಗುಡಿಗಳ ಮೇಲೆ 1995ರಲ್ಲಿ ಬಂದ ಅವರ ಗ್ರಂಥದ ಬಹುಪಾಲು ವಾದ ನಡೆಯುವುದು ರೇಖಾಚಿತ್ರಗಳಲ್ಲಿ. ಗೋಡೆಯ ಮೇಲೆ ಅಲಂಕಾರ ಅಂಟಿಸಿದ್ದಲ್ಲ. ಇಡೀ ಗುಡಿಯೇ ಪುಟ್ಟ ಪುಟ್ಟ ಗುಡಿಗಳ ಕೂಟ, ಒಂದರ ಒಳಗಿಂದ ಒಂದು ಹೊರಬರುತ್ತಿರುವಂತೆ ಕಾಣುತ್ತದೆ ಎನ್ನುತ್ತಾರೆ ಅವರು. ಚೌಕ ತಳದ್ದು ಕೂಟ, ಉದ್ದನೆಯ ಕಮಾನು ಸೂರಿನದು ಶಾಲಾ, ಕುದುರೆಲಾಳದ ಮುಖ ತೋರಿಸುವುದು ಪಂಜರ. ಮಗು ಮನೆ ಎಂದದ್ದು ಮನೆಯೇ!

ಇದನ್ನೆಲ್ಲ ಭಾಷಣ ಮಾಡಿದರೆ ಮಕ್ಕಳು ನಿದ್ದೆ ಹೋಗುತ್ತಾರೆ. ಆದ್ದರಿಂದ ಈ ವರ್ಷ ಅವರನ್ನು ಮಹಾಬಲಿಪುರದ ಐದು ರಥಗಳ ಬಳಿಗೆ ಕರೆದೊಯ್ದೆವು. ಏಳನೆಯ ಶತಮಾನದವೆಂದು ಸಾಮಾನ್ಯವಾಗಿ ಎಣಿಸುವ ಈ ಏಕಶಿಲೆಯ ಗುಡಿಗಳಿಗೂ ಪಾಂಡವರಿಗೂ ಸಂಬಂಧವಿಲ್ಲ, ಹೆಸರುಗಳು ಆಮೇಲೆ ಅಂಟಿದವು ಎಂದು ನಮ್ಮ ಹಿರಿಯ ಸದಸ್ಯರೊಬ್ಬರನ್ನು ಒಪ್ಪಿಸುವುದರಲ್ಲಿ ಅರ್ಧ ಗಂಟೆ ಹೋಯಿತು. ಮಕ್ಕಳಿಗೆ ಇಸವಿ ಹೇಳಲಿಲ್ಲ, ರಾಜನ ಹೆಸರು ಹೇಳಲಿಲ್ಲ. ಗೆರೆಯಿಲ್ಲದ ಕಾಗದ, ಪೆನ್ಸಿಲು ಕೊಟ್ಟು, ದ್ರೌಪದಿ ರಥವನ್ನು ಮೊದಲು ಬರೆಯಿರಿ ಎಂದೆವು. ಹುಲ್ಲು ಹೊದಿಸಿದ ಗುಡಿಸಲನ್ನೇ ಕಲ್ಲಿನಲ್ಲಿ ಕಡೆದ ಹಾಗಿದೆ ಅದು. ಬಳಿಕ ಉದ್ದ ಸೂರಿನ ಭೀಮ ರಥ. ಆಮೇಲೆ ಅಂತಸ್ತಿನ ಮೇಲೆ ಅಂತಸ್ತು ಏರಿದ ಧರ್ಮರಾಜ ರಥದ ಮುಂದೆ ನಿಲ್ಲಿಸಿ, ಈಗ ಬರೆದದ್ದೆಲ್ಲ ಇದರಲ್ಲಿ ಎಲ್ಲೆಲ್ಲಿದೆ ಹುಡುಕಿ ಎಂದೆವು. ಕಾಂಚಿಯ ಹುಡುಗಿಯೇ ಮೊದಲು ಕೂಗಿದಳು: “ಮಾಮಾ, ಆ ಮೂಲೆಯಲ್ಲಿ ಗುಡಿಸಲು ಹತ್ತಿ ಕೂತಿದೆ! ಪಕ್ಕದಲ್ಲಿ ಭೀಮನದು!” ಇನ್ನೊಬ್ಬ ಹುಡುಗ, ಮೇಲೆಲ್ಲ ನಯವಾಗಿದೆ, ಕೆಳಗೆ ಮಾತ್ರ ಒರಟು ಏಕೆ ಎಂದ. ಮೇಲಿನಿಂದ ಕಡೆಯುತ್ತ ಬಂದು ಕೆಳಗೆ ಮುಗಿಸದೆ ಬಿಟ್ಟಿದ್ದಾರೆಂದು ನಮಗೂ ಅಂದೇ ಕಣ್ಣಿಗೆ ಕಟ್ಟಿತು.

ಹಿಂದಿರುಗುವಾಗ ರಸ್ತೆಬದಿಯ ಒಂದು ಕಲ್ಲುಕೆಲಸದ ಅಂಗಡಿಯಲ್ಲಿ ನಿಂತೆವು. 1957ರಲ್ಲಿ ಸರ್ಕಾರ ತೆರೆದ ಶಿಲ್ಪಶಾಲೆಯಿಂದಾಗಿಯೂ ತಲೆಮಾರಿನ ಕಸುಬಿನಿಂದಾಗಿಯೂ ಈ ಊರಿನಲ್ಲಿ ಉಳಿಯ ಸದ್ದು ಇನ್ನೂ ನಿಂತಿಲ್ಲ. ಬನಿಯನ್ ತೊಟ್ಟ ನಡುವಯಸ್ಸಿನವರೊಬ್ಬರು ಯಾವುದೋ ಹೊಸ ಗುಡಿಯ ತಳಗಟ್ಟಿಗೆ ಉರುಟು ಪಟ್ಟಿಯೊಂದನ್ನು ಕಡೆಯುತ್ತಿದ್ದರು. ಇದಕ್ಕೆ ಏನು ಹೆಸರು ಎಂದು ಹುಡುಗಿ ತನ್ನ ಶಾಲೆಯ ತಮಿಳಿನಲ್ಲಿ ಕೇಳಿದಳು. ಅವರು ಉಳಿ ನಿಲ್ಲಿಸದೆ “ಕುಮುದಂ” ಎಂದರು. ಅದರ ಮೇಲಿನದನ್ನು ತೋರಿಸಿ “ಕಂಡಂ” ಎಂದರು. ಅವಳು ಎರಡನ್ನೂ ಕಾಗದದ ಮೂಲೆಯಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡಳು. ಅವರ ಹೆಸರು ಕೇಳಬೇಕೆಂದು ನಮಗೆ ನೆನಪಾದದ್ದು ಬಸ್ಸು ಹೊರಟು ತಿರುವನ್ಮಿಯೂರಿನ ಹತ್ತಿರ ಬಂದ ಮೇಲೆ.