ಊಟದ ಡಬ್ಬಿಯ ಮೇಲಿನ ನಗುಮುಖ

1970ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಶಾಲಾ ಬಾಲಕಿಯರಿಗೆ ಡೇವಿಡ್ ಕ್ಯಾಸಿಡಿಯ ಮುಖ ಕಾಣದ ದಿನವೇ ಇರಲಿಲ್ಲ. ಶುಕ್ರವಾರ ರಾತ್ರಿ ಟಿ.ವಿ. ಹಾಕಿದರೆ ಅದೇ ಮುಖ. ಬೆಳಗಾದರೆ ಊಟದ ಡಬ್ಬಿಯ ಮೇಲೆ, ಕಾಮಿಕ್ ಪುಸ್ತಕದ ರಕ್ಷಾಪುಟದಲ್ಲಿ, ಸಂಗ್ರಹಿಸುವ ಬಣ್ಣದ ಕಾರ್ಡುಗಳಲ್ಲಿ, ಕೋಣೆಯ ಗೋಡೆಯ ಮೇಲಿನ ಪೋಸ್ಟರಿನಲ್ಲಿ ಮತ್ತೆ ಅದೇ ಮುಖ. ಉದ್ದ ಕೂದಲು, ಮುಗ್ಧ ನಗು, ಸಣಕಲು ಮೈಕಟ್ಟು. ಈ ಮುಖ ಮಾರಿ ಹಲವು ಕಂಪೆನಿಗಳು ಹಣ ಮಾಡಿಕೊಂಡವು. ಆದರೆ ಮುಖದ ಒಡೆಯನಿಗೆ ಆರಂಭದಲ್ಲಿ ಸಿಗುತ್ತಿದ್ದ ಸಂಬಳ ವಾರಕ್ಕೆ 600 ಡಾಲರ್ ಮಾತ್ರ!

ಹದಿಹರೆಯದವರ ಆರಾಧ್ಯದೈವ ಆಕಾಶದಿಂದ ಇಳಿದು ಬರುವುದಿಲ್ಲ, ಅವನನ್ನು ತಯಾರಿಸಲಾಗುತ್ತದೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಜನನ ಪ್ರಮಾಣ ಒಮ್ಮೆಲೇ ಏರಿತು. ಆ ಮಕ್ಕಳು ಹದಿಹರೆಯಕ್ಕೆ ಕಾಲಿಡುವ ಹೊತ್ತಿಗೆ ಅವರ ಕೈಯಲ್ಲಿ ಖರ್ಚಿಗೆ ಕಾಸು ಇತ್ತು, ಮನೆಮನೆಯಲ್ಲಿ ಟಿ.ವಿ. ಇತ್ತು. ಇವೆರಡನ್ನೂ ಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಮೊದಲ ದೊಡ್ಡ ಉದಾಹರಣೆ ರಿಕಿ ನೆಲ್ಸನ್. ತನ್ನದೇ ಕುಟುಂಬದ ಟಿ.ವಿ. ಧಾರಾವಾಹಿಯಲ್ಲಿ ನಟಿಸುತ್ತಿದ್ದ ಈ ಹುಡುಗ 1957ರಲ್ಲಿ ಅದರಲ್ಲೇ ಒಂದು ಹಾಡು ಹಾಡಿದ. ಹಾಡಿನ ರೆಕಾರ್ಡ್ ಬಿಸಿ ದೋಸೆಯಂತೆ ಖರ್ಚಾಯಿತು. ಧಾರಾವಾಹಿ ಹಾಡನ್ನು ಮಾರಬಲ್ಲದು, ಹಾಡು ಧಾರಾವಾಹಿಗೆ ವೀಕ್ಷಕರನ್ನು ತರಬಲ್ಲದು ಎಂಬ ಗುಟ್ಟು ಉದ್ಯಮಕ್ಕೆ ತಿಳಿದುಹೋಯಿತು.

1966ರಲ್ಲಿ ಸ್ಕ್ರೀನ್ ಜೆಮ್ಸ್ ಎಂಬ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕೊಲಂಬಿಯಾ ಪಿಕ್ಚರ್ಸ್‌ನ ಟಿ.ವಿ. ವಿಭಾಗವಾಗಿದ್ದ ಈ ಸಂಸ್ಥೆ ನಾಲ್ವರು ಯುವಕರನ್ನು ಆಯ್ದು 'ದಿ ಮಂಕೀಸ್' ಎಂಬ ವಾದ್ಯವೃಂದವನ್ನೇ ಸೃಷ್ಟಿಸಿತು. ಮೊದಲ ಆಲ್ಬಂಗಳಲ್ಲಿ ವಾದ್ಯ ನುಡಿಸಿದವರು ಬಹುಪಾಲು ಬೇರೆಯವರು. ವರ್ಷ ತುಂಬುವುದರೊಳಗೆ ಆ ಯುವಕರು 'ನಮ್ಮ ಸಂಗೀತ ನಾವೇ ನುಡಿಸುತ್ತೇವೆ' ಎಂದು ಪಟ್ಟು ಹಿಡಿದರು. 1967ರಲ್ಲಿ ಅವರ ಸಂಗೀತದ ಉಸ್ತುವಾರಿ ಹೊತ್ತಿದ್ದ ಡಾನ್ ಕರ್ಶ್ನರ್ ಹೊರಹೋಗಬೇಕಾಯಿತು. ಅದೇ ಸ್ಕ್ರೀನ್ ಜೆಮ್ಸ್ 1970ರಲ್ಲಿ ಮತ್ತೊಂದು ಸಂಗೀತ ಧಾರಾವಾಹಿಗೆ ಕೈಹಾಕಿತು. ಅದೇ 'ದಿ ಪಾರ್ಟ್ರಿಜ್ ಫ್ಯಾಮಿಲಿ'.

ಬಣ್ಣದ ಬಸ್ಸಿನ ಸಂಸಾರ

ತಾಯಿ ಮತ್ತು ಮಕ್ಕಳು ಒಟ್ಟಾಗಿ ಹಾಡುತ್ತಿದ್ದ 'ಕೌಸಿಲ್ಸ್' ಎಂಬ ನಿಜವಾದ ಕುಟುಂಬವೇ ಈ ಧಾರಾವಾಹಿಗೆ ಪ್ರೇರಣೆ. ವಿಧವೆ ತಾಯಿ, ಐವರು ಮಕ್ಕಳು, ಬಣ್ಣ ಬಳಿದ ಹಳೆಯ ಶಾಲಾ ಬಸ್ಸು. ಊರೂರು ಸುತ್ತಿ ಹಾಡುವ ಸುಖೀ ಸಂಸಾರ. 1970ರ ಸೆಪ್ಟೆಂಬರ್ 25ರಂದು ಎಬಿಸಿ ವಾಹಿನಿಯಲ್ಲಿ ಆರಂಭವಾದ ಇದು ನಾಲ್ಕು ವರ್ಷಗಳಲ್ಲಿ 96 ಕಂತುಗಳನ್ನು ಕಂಡಿತು. ಆಸ್ಕರ್ ಪ್ರಶಸ್ತಿ ವಿಜೇತೆ ಶರ್ಲಿ ಜೋನ್ಸ್ ತಾಯಿ. ಹಿರಿಯ ಮಗ ಕೀತ್ ಪಾತ್ರದಲ್ಲಿ 20ರ ಹರೆಯದ ಡೇವಿಡ್ ಕ್ಯಾಸಿಡಿ. ತೆರೆಯ ಮೇಲೆ ತಾಯಿಯಾದ ಶರ್ಲಿ ಜೋನ್ಸ್ ನಿಜಜೀವನದಲ್ಲಿ ಆತನ ಮಲತಾಯಿ!

ತೆರೆಯ ಸಂಸಾರಕ್ಕೂ ಆತ ಬೆಳೆದ ಸಂಸಾರಕ್ಕೂ ಅಜಗಜಾಂತರ. 1950ರ ಏಪ್ರಿಲ್ 12ರಂದು ನ್ಯೂಯಾರ್ಕಿನಲ್ಲಿ ಹುಟ್ಟಿದ ಡೇವಿಡ್‌ನ ತಂದೆ ಜಾಕ್ ಕ್ಯಾಸಿಡಿ, ತಾಯಿ ಎವೆಲಿನ್ ವಾರ್ಡ್ ಇಬ್ಬರೂ ರಂಗನಟರು. ನಾಟಕಕ್ಕಾಗಿ ಅವರು ಊರೂರು ತಿರುಗುತ್ತಿದ್ದರೆ ಮಗು ನ್ಯೂಜೆರ್ಸಿಯ ವೆಸ್ಟ್ ಆರೆಂಜಿನಲ್ಲಿ ಅಜ್ಜ-ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿತ್ತು. ಅಪ್ಪ-ಅಮ್ಮ ವಿಚ್ಛೇದನ ಪಡೆದಿರುವ ಸಂಗತಿ ಬಾಲಕನಿಗೆ ತಿಳಿದದ್ದು ನೆರೆಮನೆಯ ಮಕ್ಕಳ ಬಾಯಿಂದ. 1956ರಲ್ಲಿ ಜಾಕ್, ಶರ್ಲಿ ಜೋನ್ಸ್‌ರನ್ನು ಮದುವೆಯಾದರು. ಮುಂದೆ ಡೇವಿಡ್ ತಾಯಿಯೊಂದಿಗೆ ಲಾಸ್ ಏಂಜಲೀಸ್ ಸೇರಿದ.

ತಂದೆಯಂತೆ ರಂಗನಟನಾಗಬೇಕೆಂಬುದು ಆತನ ಆಸೆ. 1969ರಲ್ಲಿ ಬ್ರಾಡ್‌ವೇ ರಂಗಭೂಮಿಯಲ್ಲಿ ಕಾಲಿಟ್ಟ ಮೊದಲ ನಾಟಕ ನಾಲ್ಕೇ ಪ್ರದರ್ಶನಕ್ಕೆ ಮುಚ್ಚಿಹೋಯಿತು. ಆ ಬಳಿಕ ಟಿ.ವಿ. ಧಾರಾವಾಹಿಗಳಲ್ಲಿ ಬಿಡಿ ಪಾತ್ರಗಳು. ಅಲ್ಲಿಂದ ಪಾರ್ಟ್ರಿಜ್ ಮನೆಗೆ.

ಯೋಜನೆಯ ಪ್ರಕಾರ ಡೇವಿಡ್ ತುಟಿಯಾಡಿಸಿದರೆ ಸಾಕಿತ್ತು. ಹಿನ್ನೆಲೆ ಗಾಯನಕ್ಕೆ ಒಗ್ಗಿದ ನಮ್ಮ ಸಿನಿಮಾ ಪ್ರೇಕ್ಷಕರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಆದರೆ ತನಗೆ ಹಾಡಲು ಬರುತ್ತದೆ ಎಂದು ಸಂಗೀತ ನಿರ್ಮಾಪಕ ವೆಸ್ ಫ್ಯಾರೆಲ್‌ಗೆ ಆತ ತೋರಿಸಿಕೊಟ್ಟ. ಕೊನೆಗೆ ಆ 'ಕುಟುಂಬ'ದಲ್ಲಿ ನಿಜವಾಗಿ ಹಾಡಿದವರು ಶರ್ಲಿ ಮತ್ತು ಡೇವಿಡ್ ಇಬ್ಬರೇ. ವಾದ್ಯಗಳನ್ನು ನುಡಿಸಿದವರು ಲಾಸ್ ಏಂಜಲೀಸಿನ ವೃತ್ತಿನಿರತ ಸ್ಟುಡಿಯೋ ಕಲಾವಿದರು. ಟೋನಿ ರೋಮಿಯೋ ರಚಿಸಿದ 'ಐ ಥಿಂಕ್ ಐ ಲವ್ ಯೂ' 1970ರ ನವೆಂಬರಿನಲ್ಲಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿ ಮೂರು ವಾರ ಅಲ್ಲೇ ಕುಳಿತಿತು. ಡೇವಿಡ್‌ಗೆ ಇನ್ನು ಬಿಡುವೆಂಬುದೇ ಇರಲಿಲ್ಲ. ಹಗಲು ಚಿತ್ರೀಕರಣ, ರಾತ್ರಿ ಧ್ವನಿಮುದ್ರಣ, ವಾರಾಂತ್ಯದಲ್ಲಿ ಬೇರೆ ಊರಿನಲ್ಲಿ ಸಂಗೀತ ಕಛೇರಿ.

ಸಹಿ ಹಾಕಿದ ಹುಡುಗ

ಒಪ್ಪಂದಕ್ಕೆ ಸಹಿ ಹಾಕಿದಾಗ ಡೇವಿಡ್‌ಗೆ 19 ವರ್ಷ. ಆಗಿನ ಕಾನೂನಿನಂತೆ 21 ತುಂಬದವರು ಅಪ್ರಾಪ್ತ ವಯಸ್ಕರು. ಅವರು ಹಾಕಿದ ಸಹಿಗೆ ಪೂರ್ಣ ಬಲವಿಲ್ಲ. ಇದನ್ನು ಪತ್ತೆಹಚ್ಚಿದವರು ಆತನ ವ್ಯವಹಾರ ನೋಡಿಕೊಳ್ಳುತ್ತಿದ್ದ ರೂತ್ ಆರನ್ಸ್. 1930ರ ದಶಕದಲ್ಲಿ ಟೇಬಲ್ ಟೆನಿಸ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಆಕೆ ಇಲ್ಲಿಯೂ ಚೆಂಡನ್ನು ಎದುರಾಳಿಯ ಅಂಗಳಕ್ಕೆ ತಳ್ಳಿದರು. ಒಪ್ಪಂದ ಹೊಸದಾಗಿ ಬರೆಯಲ್ಪಟ್ಟು ಸಂಬಳ ಹಲವು ಪಟ್ಟು ಏರಿತು. ಆದರೆ ಹೆಸರು ಮತ್ತು ಚಿತ್ರ ಬಳಸಿ ಮಾರಿದ ಸರಕುಗಳ ಲೆಕ್ಕ ಮಾತ್ರ ಬಗೆಹರಿಯಲಿಲ್ಲ. ನಾಲ್ಕು ದಶಕಗಳ ನಂತರ, 2011ರಲ್ಲಿ, ಕೊಲಂಬಿಯಾವನ್ನು ಕೊಂಡಿದ್ದ ಸೋನಿ ಸಂಸ್ಥೆಯ ವಿರುದ್ಧ ಆತ ನ್ಯಾಯಾಲಯದ ಮೆಟ್ಟಿಲೇರಿದ. ಆ ಸರಕುಗಳಿಂದ ತನಗೆ ದಕ್ಕಿದ್ದು ಬರೀ 5,000 ಡಾಲರ್ ಎಂಬುದು ಆತನ ವಾದ.

ಹಣಕ್ಕಿಂತ ಹೆಚ್ಚಾಗಿ ಬಿಗಿದದ್ದು ಕೀತ್ ಪಾತ್ರದ ಅಂಗಿ. ಡೇವಿಡ್ ಮೆಚ್ಚಿದ್ದು ಜಿಮಿ ಹೆಂಡ್ರಿಕ್ಸ್‌ನ ಗಿಟಾರ್; ಹಾಡಬೇಕಾಗಿದ್ದದ್ದು ಹನ್ನೆರಡರ ಬಾಲಕಿಯರಿಗೆ ಹಿತವಾದ ಪ್ರೇಮಗೀತೆ. ಆ ಅಂಗಿಯನ್ನು ಕಳಚಲು ಆತ ಹುಡುಕಿದ ದಾರಿ ಅಕ್ಷರಶಃ ಅಂಗಿ ಕಳಚುವುದು! 1972ರ ಮೇ ತಿಂಗಳಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆಯ ಮುಖಪುಟದಲ್ಲಿ ಆನಿ ಲೀಬೊವಿಟ್ಜ್ ತೆಗೆದ ಆತನ ಬೆತ್ತಲೆ ಚಿತ್ರ ಬಂತು. ಒಳಗಿನ ಲೇಖನದಲ್ಲಿ ಮದ್ಯ, ಮಾದಕ ದ್ರವ್ಯಗಳ ಪ್ರಸ್ತಾಪವೂ ಇತ್ತು. ದೊಡ್ಡ ಗದ್ದಲವೇನೋ ಆಯಿತು. ಆದರೆ ಕೀತ್ ಸಾಯಲಿಲ್ಲ.

ಅಮೆರಿಕದಲ್ಲಿ ಧಾರಾವಾಹಿಯ ಬಿಸಿ ಆರತೊಡಗಿದಾಗ ಬ್ರಿಟನ್ನಿನಲ್ಲಿ ಡೇವಿಡ್ ಜ್ವರ ಏರಿತ್ತು. 1972 ಮತ್ತು 1973ರಲ್ಲಿ ಆತನ ಹಾಡುಗಳು ಅಲ್ಲಿನ ಪಟ್ಟಿಯಲ್ಲಿ ಎರಡು ಬಾರಿ ಮೊದಲ ಸ್ಥಾನ ಪಡೆದವು. ಆದರೆ ಆತ ದಣಿದಿದ್ದ. 1974ರ ಪ್ರವಾಸವೇ ಕೊನೆಯದು ಎಂದು ಸಾರಿಬಿಟ್ಟ. ಆ ವರ್ಷ ಮಾರ್ಚಿನಲ್ಲಿ ಧಾರಾವಾಹಿಯೂ ಮುಗಿಯಿತು. ಮೇ 26ರಂದು ಲಂಡನ್ನಿನ ವೈಟ್ ಸಿಟಿ ಕ್ರೀಡಾಂಗಣದಲ್ಲಿ ಕಛೇರಿ. ಸಾವಿರಾರು ಹುಡುಗಿಯರು ವೇದಿಕೆಯತ್ತ ನುಗ್ಗಿದರು. ಮುಂದಿನ ಸಾಲಿನವರು ಉಸಿರಾಡಲಾಗದೆ ಕುಸಿದರು. ನೂರಾರು ಮಂದಿ ಗಾಯಗೊಂಡರು. ಪ್ರಜ್ಞೆ ತಪ್ಪಿದ್ದ 14 ವರ್ಷದ ಬಾಲಕಿಯೊಬ್ಬಳು ನಾಲ್ಕು ದಿನಗಳ ಬಳಿಕ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಳು. ಹಾಡು ಕೇಳಲು ಹೋದ ಮಗಳು ಮನೆಗೆ ಮರಳಲಿಲ್ಲ. ಅಭಿಮಾನವನ್ನು ಉಕ್ಕಿಸಲು ಗೊತ್ತಿದ್ದ ಉದ್ಯಮಕ್ಕೆ ಅದನ್ನು ತಡೆದು ನಿಲ್ಲಿಸುವ ಬೇಲಿ ಕಟ್ಟಲು ಗೊತ್ತಿರಲಿಲ್ಲ.

ಅಣ್ಣ ಮತ್ತು ತಮ್ಮ

ಆಮೇಲಿನ ಬದುಕು ಕೀತ್‌ನಿಂದ ಬಿಡಿಸಿಕೊಳ್ಳುವ ಹೋರಾಟ. ಗೆಲುವುಗಳೂ ಇದ್ದವು. 1978ರಲ್ಲಿ 'ಪೊಲೀಸ್ ಸ್ಟೋರಿ' ಧಾರಾವಾಹಿಯ ಒಂದು ಕಂತಿನ ನಟನೆಗೆ ಆತ ಎಮ್ಮಿ ಪ್ರಶಸ್ತಿಗೆ ನಾಮಕರಣಗೊಂಡ. ಅದನ್ನೇ ನೆಚ್ಚಿ ಆತನ ಹೆಸರಿನಲ್ಲೇ ಬಂದ ಪೊಲೀಸ್ ಧಾರಾವಾಹಿ ಒಂದೇ ಋತುವಿಗೆ ನಿಂತುಹೋಯಿತು. ರಂಗಭೂಮಿ ಕೈಬಿಡಲಿಲ್ಲ. 1987ರಲ್ಲಿ ಲಂಡನ್ನಿನ 'ಟೈಮ್' ಸಂಗೀತ ನಾಟಕದಲ್ಲಿ ಕ್ಲಿಫ್ ರಿಚರ್ಡ್ ಬಿಟ್ಟ ಪಾತ್ರವನ್ನು ಆತ ವಹಿಸಿಕೊಂಡ. 1993ರಲ್ಲಿ ಬ್ರಾಡ್‌ವೇಯ 'ಬ್ಲಡ್ ಬ್ರದರ್ಸ್' ನಾಟಕದಲ್ಲಿ ಮಲಸಹೋದರ ಶಾನ್ ಕ್ಯಾಸಿಡಿಯೊಂದಿಗೆ ಅಭಿನಯಿಸಿದ.

ಈ ಶಾನ್‌ನ ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಶರ್ಲಿಯ ಮಗನಾದ ಆತನೂ ಅದೇ ಯಂತ್ರದೊಳಗೆ ಹೊಕ್ಕವನೇ. 1977ರಲ್ಲಿ 'ಹಾರ್ಡಿ ಬಾಯ್ಸ್' ಧಾರಾವಾಹಿ, ಅದೇ ವರ್ಷ ಬಿಲ್‌ಬೋರ್ಡ್‌ನಲ್ಲಿ ಮೊದಲ ಸ್ಥಾನದ ಹಾಡು, ಗೋಡೆಗೋಡೆಯ ಮೇಲೆ ಪೋಸ್ಟರ್. ಆದರೆ ಜ್ವರ ಇಳಿದ ಮೇಲೆ ಶಾನ್ ಕ್ಯಾಮೆರಾದ ಹಿಂದಕ್ಕೆ ಸರಿದು ಟಿ.ವಿ. ಧಾರಾವಾಹಿಗಳ ಬರಹಗಾರನಾಗಿ, ನಿರ್ಮಾಪಕನಾಗಿ ಎರಡನೇ ವೃತ್ತಿ ಕಟ್ಟಿಕೊಂಡ. ಯಂತ್ರ ಒಂದೇ ಆದರೂ ಹೊರಬಂದವರ ಪಾಡು ಒಂದೇ ಆಗಬೇಕಿಲ್ಲ. ಅಣ್ಣನ ಅನುಭವ ಕಣ್ಣೆದುರಿಗಿದ್ದದ್ದು ತಮ್ಮನಿಗೆ ಒಂದು ಅನುಕೂಲ. ಅಣ್ಣನ ಮುಂದೆ ಅಂಥ ಯಾರೂ ಇರಲಿಲ್ಲ.

ಡೇವಿಡ್‌ನ ಮುಂದಿದ್ದದ್ದು ತಂದೆ. ಟೋನಿ ಪ್ರಶಸ್ತಿ ಗೆದ್ದ ಪ್ರತಿಭಾವಂತ ಜಾಕ್ ಕ್ಯಾಸಿಡಿಯನ್ನು ಮದ್ಯ ನುಂಗುತ್ತಿತ್ತು. ಮಗನ ಖ್ಯಾತಿ ತಂದೆಗೆ ಹಿತವಾಗಿರಲಿಲ್ಲ ಎಂದು ಡೇವಿಡ್ ಹೇಳಿಕೊಂಡದ್ದುಂಟು. 1976ರ ಡಿಸೆಂಬರಿನಲ್ಲಿ ಮನೆಗೆ ಬೆಂಕಿ ಬಿದ್ದು ಜಾಕ್ ಸುಟ್ಟು ಸತ್ತರು. ಕೊನೆಗೆ ಮಗನನ್ನೂ ಹಿಡಿದದ್ದು ಅದೇ ಚಟ. 2010ರ ನಂತರ ಕುಡಿದು ಕಾರು ಓಡಿಸಿದ ಪ್ರಕರಣಗಳಲ್ಲಿ ಆತ ಮತ್ತೆ ಮತ್ತೆ ಸಿಕ್ಕಿಬಿದ್ದ. 2015ರಲ್ಲಿ ದಿವಾಳಿ ಅರ್ಜಿ ಹಾಕಿದ. 2017ರ ಫೆಬ್ರುವರಿಯಲ್ಲಿ ತನಗೆ ಮರೆವಿನ ಕಾಯಿಲೆ ಎಂದು ಪ್ರಕಟಿಸಿದ. ಕಾರಣ ಮರೆವಿನ ಕಾಯಿಲೆಯಲ್ಲ, ಕುಡಿತ ಎಂದು ಆತ ಒಪ್ಪಿಕೊಂಡದ್ದು ಮರಣಾನಂತರ ಪ್ರಸಾರವಾದ ಸಾಕ್ಷ್ಯಚಿತ್ರದಲ್ಲಿ ಹೊರಬಂತು.

2017ರ ನವೆಂಬರ್ 21ರಂದು ಫ್ಲೋರಿಡಾದ ಆಸ್ಪತ್ರೆಯಲ್ಲಿ ಯಕೃತ್ತಿನ ವೈಫಲ್ಯದಿಂದ ಡೇವಿಡ್ ಕ್ಯಾಸಿಡಿ ತೀರಿಕೊಂಡಾಗ ವಯಸ್ಸು 67. ತಂದೆಯ ಕೊನೆಯ ಮಾತನ್ನು ಮಗಳು, ನಟಿ ಕೇಟಿ ಕ್ಯಾಸಿಡಿ ಲೋಕಕ್ಕೆ ತಿಳಿಸಿದಳು: 'ಎಷ್ಟೊಂದು ಸಮಯ ವ್ಯರ್ಥವಾಯಿತು'. ಧಾರಾವಾಹಿ ನಡೆದದ್ದು ನಾಲ್ಕು ವರ್ಷಕ್ಕೂ ಕಡಿಮೆ ಕಾಲ. ಅದು ಮುಗಿದ ಮೇಲೆ ಆತ 43 ವರ್ಷ ಬದುಕಿದ. ಆದರೂ ಮರುದಿನದ ಪತ್ರಿಕೆಗಳಲ್ಲಿ ಆತನ ಹೆಸರಿನ ಪಕ್ಕದಲ್ಲೇ ಇದ್ದದ್ದು ಪಾರ್ಟ್ರಿಜ್ ಮನೆತನದ ಹೆಸರು.